ಐನಾಪುರದ ಎರಡು ಕಲೆಗಳು

ಪುಣೆಯ ಪ್ರಯೋಗಾಲಯದಿಂದ ಫೋನು ಬಂದಾಗ ನಾವು ಚಿಕ್ಕೋಡಿಯ ಕಚೇರಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಡಾಕ್ಟರ್ ಬ್ರಾಹ್ಮಿ ಕೇಳಿಸಿಕೊಂಡರು. ಫೋನು ಇಟ್ಟು ನನ್ನ ಕಡೆ ತಿರುಗಿದರು.

"ಐನಾಪುರದ ಹೆಣ್ಣಮಗಳದು ಮಂಗನ ಸಿಡುಬೇ, ಕುನಾಲ, ಮಂಕಿಪಾಕ್ಸ್. ಖಾತ್ರಿ ಆತು."

ಆ ಹೆಣ್ಣುಮಗಳ ಹೆಸರು ಪ್ರಾಜಕ್ತಾ. ಒಣದ್ರಾಕ್ಷಿ ವ್ಯಾಪಾರ ಮಾಡುವ ಕುಸುಮಾಬಾಯಿಯ ಸೊಸೆ. ಜ್ವರ ಬಂದು, ಕೈ, ಕುತ್ತಿಗೆ, ತುಟಿಯ ಪಕ್ಕ ಗುಳ್ಳೆಗಳೆದ್ದಿದ್ದವು. ಸರ್ಕಾರಿ ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿದ್ದಳು; ನಿಧಾನವಾಗಿ ಗುಣವಾಗುತ್ತಿದ್ದಳು. ಆದರೆ ರೋಗ ಬಂದದ್ದು ಎಲ್ಲಿಂದ? ಈ ವರ್ಷ ಆಕೆ ಐನಾಪುರದ ಗಡಿ ದಾಟಿರಲಿಲ್ಲ. ಊರಲ್ಲಿ ಬೇರೆ ಯಾರಿಗೂ ಈ ರೋಗವಿರಲಿಲ್ಲ — ಅಥವಾ ನಮಗೆ ಹಾಗೆ ಕಂಡಿತ್ತು.

ಪೊಲೀಸರು ಕಳ್ಳನ ಜಾಡು ಹಿಡಿಯುತ್ತಾರೆ. ಡಾಕ್ಟರ್ ಬ್ರಾಹ್ಮಿ ರೋಗದ ಜಾಡು ಹಿಡಿಯುತ್ತಾರೆ. ನಾನು ಅವರ ಜೊತೆಗಿರುವ ಆರೋಗ್ಯ ನಿರೀಕ್ಷಕ. ಜೀಪು ಹತ್ತಿದೆವು.

ನಾವು ತಲುಪುವ ಮೊದಲೇ ಊರು ತೀರ್ಪು ಕೊಟ್ಟಾಗಿತ್ತು.

ಪ್ರಾಜಕ್ತಾಳ ಗಂಡ ಜಿನೇಂದ್ರ ಪಡಸಾಲೆಯಲ್ಲಿ ಕುಳಿತಿದ್ದ. ಶಾರ್ಜಾದಲ್ಲಿ ಎಲೆಕ್ಟ್ರಿಷಿಯನ್; ಹೋದ ತಿಂಗಳು ರಜೆಗೆ ಬಂದವನು. ಅವನು ಬಂದು ಎರಡು ವಾರ ಕಳೆದ ಮೇಲೆ ಹೆಂಡತಿಗೆ ಜ್ವರ ಶುರುವಾಗಿತ್ತು. ನಮ್ಮನ್ನು ಕಂಡ ಕೂಡಲೇ ಅಂಗಿಯ ಗುಂಡಿ ಬಿಚ್ಚಿದ.

"ನೋಡ್ರಿ ಮೇಡಂ, ಎಲ್ಲಾ ಕಡೆ ನೋಡ್ರಿ. ಒಂದರೆ ಗುಳ್ಳಿ ಐತೇನು? ನನಗ ಜ್ವರಾ ಬಂದಿಲ್ಲ, ನೆಗಡಿ ಸೈತ ಬಂದಿಲ್ಲ. ಮತ್ತ ಆಕಿಗೆ ಯಾರಿಂದ ಬಂತು?"

"ನೀವು ಯಾರಿಂದ ಅಂತೀರಿ?"

"ನಮ್ಮ ಗಾಡಿ ಹೊಡಿಯೋ ವಿಕ್ರಾಂತ ಅದಾನಲ್ರಿ — ಮಾಲು ತಗೊಂಡು ಕೇರಳಕ್ಕ ಹೋಗಿ ಬಂದಾನ. ಅವನ ಮೈ ತುಂಬ ಗುಳ್ಳಿ. ಇಬ್ಬರೂ ನಮ್ಮ ದ್ರಾಕ್ಷಿ ಶೆಡ್ಡಿನ್ಯಾಗ ಮಾತಾಡಿದ್ದು ಊರ ಮಂದೀನ ನೋಡ್ಯಾರ. ಇನ್ನೇನು ಹೇಳಬೇಕ್ರಿ? ಆಕಿ ದವಾಖಾನಿಂದ ಸೀದಾ ದಿಗ್ಗೇವಾಡಿಗೆ ತವರಮನಿಗೆ ಹೋಗಲಿ."

ಒಳಗಿನಿಂದ ಕುಸುಮಾಬಾಯಿ ಬಂದರು. ಅರವತ್ತು ದಾಟಿದ ಗಟ್ಟಿ ಹೆಂಗಸು.

"ಬಾಯಿ ಮುಚ್ಚಲೇ," ಎಂದು ಮಗನನ್ನು ಗದರಿದರು. ಆಮೇಲೆ ನಮ್ಮ ಕಡೆ ನೋಡಿ, "ತೂಕದ ಲೆಕ್ಕಾ ಆಕೀನ ನೋಡ್ತಾಳ್ರಿ ಡಾಕ್ಟರಬಾಯಾರ. ಡ್ರೈವರ್ ಕೂಡ ಮಾತಾಡದೆ ಮಾಲು ಹೆಂಗ ಕಳಸಬೇಕು? ಇವಗ ಅದು ತಿಳಿವಲ್ದು."

ನಾನು ಜಿನೇಂದ್ರನನ್ನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಆರಾಮ ಇತ್ತೆ? ಇತ್ತು. ಗುಳ್ಳೆ? ಇಲ್ಲ. ಗಂಟಲು ನೋವು? ಇಲ್ಲ. ಡಾಕ್ಟರ್ ಬ್ರಾಹ್ಮಿ ಅವನ ತೋಳನ್ನು ಒಂದು ಗಳಿಗೆ ಹೆಚ್ಚಾಗಿ ನೋಡಿದರು.

ವಿಕ್ರಾಂತನ ಮನೆ ಊರ ಆಚೆ ಬದಿಗಿತ್ತು. ಅವನ ತಾಯಿ ಅಕ್ಕುತಾಯಿ ಬಾಗಿಲಲ್ಲೇ ಅಡ್ಡ ನಿಂತಳು.

"ಮತ್ತ್ಯಾರು ಬೈಯಾಕ ಬಂದೀರಿ? ನನ್ನ ಶೆಡ್ಡಿನ ಕೆಲಸಾ ಹೋತು. ಕಿರಾಣಿ ಅಂಗಡಿಯಾಂವ ದೂರಿಂದ ಚೀಲಾ ಒಗೀತಾನ. ನಾವೇನು ಮಾಡೇವ್ರಿ?"

"ಬೈಯಾಕ ಅಲ್ಲ ಅಕ್ಕವ್ವ, ನೋಡಾಕ ಬಂದೀವಿ," ಎಂದರು ಡಾಕ್ಟರ್.

ವಿಕ್ರಾಂತ ಕಂಬಳಿ ಹೊದ್ದು ಕುಳಿತಿದ್ದ. ಮುಖ, ಎದೆ, ಬೆನ್ನು — ಎಲ್ಲೆಲ್ಲೂ ಗುಳ್ಳೆ. ಕೆಲವು ಒಣಗಿದ್ದವು, ಕೆಲವು ಆಗಷ್ಟೇ ಎದ್ದಿದ್ದವು. ಅಂಗೈಯಲ್ಲಿ ಒಂದೂ ಇರಲಿಲ್ಲ.

"ಪ್ರಾಜಕ್ತಾ ವೈನ್ಯಾರು ನನಗ ಅಕ್ಕ ಇದ್ದಂಗ್ರಿ ಮೇಡಂ," ಎಂದ ತಲೆ ತಗ್ಗಿಸಿ. "ಜಿನೇಂದ್ರಣ್ಣ ಚೌಕಿನ್ಯಾಗ ನಿಂತು ನನ್ನ ಹೆಸರು ತಗೊಂಡು ಒದರ್ಯಾನ. ನಾ ಹೊರಗ ಹೆಂಗ ಬರ್ಲಿ?"

ಗುಳ್ಳೆಯ ಮಾದರಿ ತೆಗೆದೆವು. ಕುಸುಮಾಬಾಯಿಯ ಮನೆಯವರೆಲ್ಲರ ರಕ್ತವನ್ನೂ ತೆಗೆದು ಪುಣೆಗೆ ಕಳಿಸಿದೆವು.

ಆಸ್ಪತ್ರೆಯಲ್ಲಿ ಪ್ರಾಜಕ್ತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಡಾಕ್ಟರ್ ಮಾಸ್ಕು, ಗ್ಲೌಸು ಹಾಕಿಕೊಂಡು ಹತ್ತಿರ ಕುಳಿತರು. ನಾನು ಬಾಗಿಲಲ್ಲಿ ನಿಂತೆ.

"ಒಂದು ಮಾತು ಕೇಳಬೇಕು. ಗಂಡನ್ನ ಬಿಟ್ಟು ಬ್ಯಾರೆ ಯಾರ ಜೋಡಿನಾದ್ರೂ —"

"ನೀವೂ ಅದನ್ನ ಕೇಳ್ತೀರಿ?"

"ಎಲ್ಲಾರನ್ನೂ ಕೇಳ್ತೀನಿ. ನಿಮ್ಮ ಗಂಡನ್ನೂ ಕೇಳ್ತೀನಿ."

ಪ್ರಾಜಕ್ತಾ ತಿರುಗಿ ನೋಡಿದಳು. "ಇಲ್ಲರಿ," ಎಂದಳು. ಅಷ್ಟೇ.

ವರದಿಗಳು ಬಂದವು. ವಿಕ್ರಾಂತನಿಗೆ ಬಂದದ್ದು ಬರೀ ಚಿಕನ್‌ಪಾಕ್ಸ್. ರಕ್ತದ ಫಲಿತಾಂಶ ಮಾತ್ರ ನನ್ನನ್ನು ಗೊಂದಲಕ್ಕೆ ದೂಡಿತು. ಸಿಡುಬಿನ ಜಾತಿಯ ರೋಗಾಣುವನ್ನು ಎದುರಿಸಿದ ಗುರುತು ಮೂವರ ರಕ್ತದಲ್ಲಿತ್ತು — ಪ್ರಾಜಕ್ತಾ, ಕುಸುಮಾಬಾಯಿ, ಜಿನೇಂದ್ರ.

"ಕುಸುಮಾಬಾಯಿದು ನನಗ ತಿಳೀತ್ರಿ," ಎಂದೆ. "ಸಣ್ಣಾಕಿದ್ದಾಗ ದೇವಿ ಹಾಕಿಸ್ಯಾರ, ಸಿಡುಬಿನ ಲಸಿಕೆ. ಮುಂಗೈ ಮ್ಯಾಲೆ ಕಲೆ ಐತಿ. ಹಳೇ ಲಸಿಕೆ ಗುರುತು ರಕ್ತದಾಗ ಉಳದೈತಿ. ಜಿನೇಂದ್ರಂದೂ ಹಂಗ — ಅವನ ತೋಳಿನ ಮ್ಯಾಲೂ ಕಲೆ ಐತಲ್ರಿ. ಅಂದ್ರ ಇಬ್ಬರನ್ನೂ ಬಿಡಬೇಕು. ಹಂಗಾರ ಪ್ರಾಜಕ್ತಾಗ ಕೊಟ್ಟವರು ಯಾರೂ ಸಿಗೂದಿಲ್ಲ!"

ಡಾಕ್ಟರ್ ಬ್ರಾಹ್ಮಿ ಸಣ್ಣಗೆ ನಕ್ಕರು. "ಕುನಾಲ, ಜಿನೇಂದ್ರಗ ವಯಸ್ಸೆಷ್ಟು?"

"ಮೂವತ್ತರ ಮ್ಯಾಲೆ."

"ನಡಿ. ಅವರನ್ನೆಲ್ಲಾ ಆಸ್ಪತ್ರೆಗೆ ಕರೆಸು."

ಮಧ್ಯಾಹ್ನ ಆಸ್ಪತ್ರೆಯ ವರಾಂಡದಲ್ಲಿ ತಾಯಿ, ಮಗ ಬಂದು ಕುಳಿತರು. ಪ್ರಾಜಕ್ತಾ ತನ್ನ ಕೋಣೆಯ ತೆರೆದ ಕಿಟಕಿಯ ಒಳಗೆ ನಿಂತಿದ್ದಳು.

"ಜಿನೇಂದ್ರ ಅವರ, ಇದು ನಿಮ್ಮ ರಕ್ತದ ವಿಷಯ. ಇವರ ಮುಂದ ಹೇಳಲೇನು? ಬ್ಯಾಡ ಅಂದ್ರ ಒಳಗ ಹೋಗೋಣ."

"ಇಲ್ಲೇ ಹೇಳ್ರಿ. ನನಗೇನು ಅಂಜಿಕಿ?"

"ವಿಕ್ರಾಂತಗ ಈ ರೋಗ ಇಲ್ಲ. ಅವನ ಒಪ್ಪಿಗಿ ತಗೊಂಡೇ ಹೇಳಾಕತ್ತೀನಿ. ಮಂಗನ ಸಿಡುಬು ನಿಮ್ಮ ಮನಿಗೆ ಬಂದದ್ದು ನಿಮ್ಮಿಂದ."

ಜಿನೇಂದ್ರ ಎದ್ದು ನಿಂತ. "ಏನ್ ಮಾತಾಡ್ತೀರಿ ಮೇಡಂ? ನನ್ನ ಮೈ ಮ್ಯಾಲೆ ಒಂದೂ ಗುಳ್ಳಿ —"

"ಇಲ್ಲ. ಅದಕ್ಕ ಎಲ್ಲಾರೂ ತಪ್ಪು ತಿಳದ್ವಿ. ಗುಳ್ಳಿ ಯಾರಿಗೆ ಅದಾವ ಅಂತ ಹುಡುಕಿದ್ವಿ, ಗುಳ್ಳಿ ಇಲ್ಲದವರನ್ನ ಬಿಟ್ವಿ. ನಿಮ್ಮ ತೋಳು ತೋರಸ್ರಿ. ಈ ಕಲೆ ಕ್ಷಯರೋಗದ ಲಸಿಕೆದು — ಬಿಸಿಜಿ. ನಿಮ್ಮ ತಾಯಿಯವರ ಮುಂಗೈ ಮ್ಯಾಲಿನ ಕಲೆ ದೇವಿದು. ಕುನಾಲ ಎರಡೂ ಒಂದೇ ಅಂತ ತಿಳದ. ನೀವು ಹುಟ್ಟೋದಕ್ಕಿಂತ ಎಷ್ಟೋ ವರ್ಷ ಮೊದಲೇ ದೇವಿ ಹಾಕೋದು ನಿಂತಿತ್ತು. ಹಂಗಾರ ನಿಮ್ಮ ರಕ್ತದಾಗ ಆ ಗುರುತು ಎಲ್ಲಿಂದ ಬಂತು?"

ಅವನು ತೋಳಿನ ಕಲೆಯ ಮೇಲೆ ಬೆರಳಾಡಿಸಿದ.

"ಪ್ರಾಜಕ್ತಾನ ರಕ್ತದಾಗಿನ ಗುರುತು ಹೊಸದು, ಈಗೀಗ ಮೂಡಿದ್ದು. ನಿಮ್ಮದು ಅದಕ್ಕಿಂತ ಹಳೇದು. ಅಂದ್ರ ಮೊದಲು ನಿಮಗ ತಗಲೈತಿ. ಈಗ ನಾ ಬ್ಯಾರೆ ಪ್ರಶ್ನೆ ಕೇಳ್ತೀನಿ. ನಿಮಗೇನಾಗಿತ್ತು ಅಂತಲ್ಲ — ಶಾರ್ಜಾದಾಗ ನಿಮ್ಮ ಬಾಜೂಕ ಯಾರಿಗೆ ಏನಾಗಿತ್ತು?"

ಜಿನೇಂದ್ರ ಮತ್ತೆ ಕುಳಿತ. ಹಣೆಯ ಬೆವರು ಒರೆಸಿಕೊಂಡ.

"ನಮ್ಮ ರೂಮಿನ್ಯಾಗ ಪಕ್ಕದ ಕಾಟಿನ್ಯಾಂವಗ... ಮೈ ಮ್ಯಾಲೆ ಹುಣ್ಣು ಆಗಿದ್ವು. ಸೆಕಿ ಗುಳ್ಳಿ ಅಂತಿದ್ದ. ಕೈ ಎಟಕಲ್ಲ ಅಂತ ಬೆನ್ನಿಗೆ ನಾನ ಮುಲಾಮು ಹಚ್ಚೇನಿ. ಟಾವೆಲ್ಲೂ ಒಂದೇ... ಇದನ್ನ ಯಾರೂ ಕೇಳಲಿಲ್ಲ ನನ್ನ."

ಅದು ನಿಜ. ನಾನು ಕೇಳಿರಲಿಲ್ಲ.

ಕುಸುಮಾಬಾಯಿಗೆ ನಂಬಿಕೆ ಬರಲಿಲ್ಲ. "ರೋಗಾ ಬಂದು ಗೊತ್ತಾಗದಂಗ ಹೋಗ್ತದೇನ್ರಿ? ಹಂಗ ಎಷ್ಟು ಮಂದಿಗೆ ಆಗ್ತದ?"

"ಖರೆ ಲೆಕ್ಕ ಇನ್ನೂ ಯಾರ ಕಡೇನೂ ಇಲ್ಲ, ಬಾಯಿಯವರ. ಆರಾಮ ಇದ್ದವರು ದವಾಖಾನಿಗೆ ಯಾಕ ಬರ್ತಾರ? ಬ್ಯಾರೆ ಕಾರಣಕ್ಕ ತಗೊಂಡ ಮಾದರಿ ಮತ್ತ ತೆಗೆದು ನೋಡಿದಾಗ ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕಾರ. ಕೆಲವು ಕಡೆ ಬಹಳ ಕಡಿಮಿ, ಕೆಲವು ಕಡೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಅಂಥವರಿಂದ ಎಷ್ಟು ಹಬ್ಬತೈತಿ ಅನ್ನೋದೂ ಇನ್ನೂ ಪೂರ್ತಿ ತಿಳದಿಲ್ಲ. ಇವರಿಗೆ ಬಾಯಾಗೋ ಗಂಟಲದಾಗೋ ಒಂದು ಸಣ್ಣ ಹುಣ್ಣು ಎದ್ದು ಗೊತ್ತಾಗದ ಹೋಗಿರಬಹುದು. ಏನೂ ಇರದೇನೂ ಇರಬಹುದು. ಅದನ್ನ ಈಗ ಹೇಳಾಕ ಆಗೂದಿಲ್ಲ."

ಜಿನೇಂದ್ರ ಕಿಟಕಿಯ ಹತ್ತಿರ ಹೋದ. ಪ್ರಾಜಕ್ತಾಳ ತುಟಿಯ ಪಕ್ಕದ ಗುಳ್ಳೆ ಒಣಗಿ ಹಕ್ಕಳೆಗಟ್ಟಿತ್ತು.

"ನನಗ ಗೊತ್ತಿರಲಿಲ್ಲ, ಪ್ರಾಜಕ್ತಾ. ಆಣೆ ಮಾಡಿ ಹೇಳ್ತೀನಿ, ಗೊತ್ತಿರಲಿಲ್ಲ."

ಆಕೆ ದನಿ ಏರಿಸಲಿಲ್ಲ.

"ರೋಗಾ ತಂದದ್ದು ನಿಮಗ ಗೊತ್ತಿರಲಿಲ್ಲ. ಖರೆ. ಚೌಕಿನ್ಯಾಗ ನಿಂತು ಏನಂದ್ರಿ ಅನ್ನೋದು ಗೊತ್ತಿತ್ತಲ್ರಿ?"

ಅವನು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಅಲ್ಲೇ ನಿಂತು ತಪ್ಪಾತು ಅನ್ರಿ. ವಿಕ್ರಾಂತನ ಅವ್ವನ ಮುಂದ ಅನ್ರಿ. ನಾ ಎಲ್ಲಿಗೆ ಹೋಗಬೇಕು ಅನ್ನೋದನ್ನ ಆಮ್ಯಾಲೆ ನಾ ಹೇಳ್ತೀನಿ."

ಆಕೆ ಕಿಟಕಿ ಮುಚ್ಚಿದಳು.

ಕುಸುಮಾಬಾಯಿ ಮಗನಿಗೆ, "ಏನ್ ನಿಂತಿ? ನಡಿ," ಎಂದು ಮುಂದೆ ಹೊರಟರು.

ಹಕ್ಕಳೆ ಉದುರಿ ಹೊಸ ಚರ್ಮ ಬಂದ ಮೇಲೆ ಪ್ರಾಜಕ್ತಾಳನ್ನು ಬಿಡುಗಡೆ ಮಾಡಿದರು. ಅಂದು ನಾನೂ ಡಾಕ್ಟರೂ ಅಲ್ಲಿದ್ದೆವು. ಒಣದ್ರಾಕ್ಷಿಯ ಗಾಡಿ ಬಂದು ನಿಂತಿತು. ಗುಣವಾಗಿದ್ದ ವಿಕ್ರಾಂತ ಸ್ಟೀರಿಂಗ್ ಹಿಡಿದಿದ್ದ. ಒಳಗೆ ಅತ್ತೆ ಕುಳಿತಿದ್ದರು. ಜಿನೇಂದ್ರ ಹಿಂದಿನಿಂದ ಇಳಿದು ಬಾಗಿಲು ತೆರೆದು ನಿಂತ.

ಪ್ರಾಜಕ್ತಾ ಗಂಡನನ್ನು ಕೇಳಲಿಲ್ಲ. "ಚೌಕಿನ್ಯಾಗ ಹೇಳ್ಯಾರೇನೋ ವಿಕ್ರಾಂತ?" ಎಂದಳು.

"ಹೇಳ್ಯಾರ್ರಿ ವೈನಿ. ಎಲ್ಲಾರಿಗೂ ಕೇಳೂವಂಗ ಹೇಳ್ಯಾರ. ನಮ್ಮವ್ವ ನಾಳಿಂದ ಶೆಡ್ಡಿಗೆ ಬರ್ತಾಳಂತ."

ಆಕೆ ಗಾಡಿ ಹತ್ತಿ ಅತ್ತೆಯ ಪಕ್ಕ ಕುಳಿತಳು. ಸೆರಗು ಸರಿಮಾಡಿಕೊಂಡಳು.

"ಮೊದಲ ದಿಗ್ಗೇವಾಡಿಗೆ ನಡಿ. ನಮ್ಮವ್ವನ ಕಡೆ ನಾಕು ದಿನಾ ಇದ್ದು ಬರ್ತೀನಿ. ಕರಿಯಾಕ ಇವರು ಒಬ್ಬರೇ ಬರಲಿ."