ನೆವಿಲ್‌ನ ಕಾಲರಿನಲ್ಲಿ ಗುಲಾಬಿ

ಬೆಳಗಿನ ತಿರುಗಾಟ ಮುಗಿಸಿ ನೆವಿಲ್ ವ್ಯಾನಿನೊಳಗೆ ಕಾಲಿಟ್ಟಾಗ ಅವನ ಹಿಂದೆಯೇ ಗುಲಾಬಿಯ ವಾಸನೆಯೂ ಒಳಗೆ ಬಂತು.

ಬಾಣಲೆಯಲ್ಲಿ ಬೇಕನ್ ಮಗುಚಿಹಾಕುತ್ತಿದ್ದ ಬ್ರೆಂಡಾಳ ಕೈ ಅಲ್ಲೇ ನಿಂತಿತು. ನಾರ್ದಂಬರ್‌ಲ್ಯಾಂಡಿನ ಆ ಕಡಲ ದಂಡೆಯಲ್ಲಿ ಇದ್ದದ್ದು ಮರಳು, ಒರಟು ಹುಲ್ಲು, ಒಂದಷ್ಟು ಕುರಿಗಳು. ಕಣ್ಣು ಹಾಯಿಸಿದಷ್ಟು ದೂರಕ್ಕೂ ಒಂದು ಹೂವಿನ ಗಿಡ ಇರಲಿಲ್ಲ.

"ಎಲ್ಲಿಗೆ ಹೋಗಿದ್ದೆ?"

"ಇಲ್ಲೇ, ದಿಬ್ಬದ ಆಚೆ. ಸ್ವಲ್ಪ ಗಾಳಿ ಕುಡ್ಕೊಂಡು ಬಂದೆ."

"ಹೇಗಿತ್ತು ಗಾಳಿ?"

"ಗಾಳಿ ಗಾಳಿ ಥರಾನೇ ಇತ್ತು, ಚಿನ್ನ. ಇನ್ನು ಹೇಗಿರುತ್ತೆ?"

ಹೀಗೆಂದು ಅವನು ಅವಳ ಭುಜದ ಮೇಲಿಂದ ಬಾಣಲೆಗೆ ಇಣುಕಿದ. ಕೆನ್ನೆಗೆ ಬಳಿದುಕೊಂಡ ಕ್ಷೌರದ ಸೆಂಟು ಬೇರೆ ಗಮ್ಮೆಂದು ಹೊಡೆಯುತ್ತಿತ್ತು. ಮೊದಲೆಲ್ಲ ಎರಡು ಹನಿ ಹಾಕಿಕೊಳ್ಳುತ್ತಿದ್ದವನು ಈ ಬೇಸಿಗೆಯಲ್ಲಿ ಅದರಲ್ಲೇ ಸ್ನಾನ ಮಾಡುತ್ತಿದ್ದ. ಆ ವಾಸನೆಯ ಅಡಿಯಲ್ಲಿ, ಅಂಗಿಯ ಕಾಲರಿನ ಹತ್ತಿರ, ಈ ಗುಲಾಬಿ. ಬ್ರೆಂಡಾ ಏನೂ ಹೇಳದೆ ಬೇಕನ್ ತಟ್ಟೆಗೆ ಹಾಕಿದಳು.

ಅವಳ ಮೂಗು ಅಂಥಿಂಥ ಮೂಗಲ್ಲ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಬಡಿಸುತ್ತಾ ತಲೆ ನರೆತ ಹೆಂಗಸು. ಹಾಲು ಒಡೆಯುವ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಮೊದಲ ಗಂಡ ರಾಯ್, ಊರೂರು ತಿರುಗಿ ಕಾರ್ಪೆಟ್ ಮಾರುತ್ತಿದ್ದವನು, ಅವಳಿಗೆ ಮೋಸ ಮಾಡುತ್ತಿದ್ದದ್ದನ್ನು ಕಣ್ಣಿಗಿಂತ ಮೊದಲು ಮೂಗೇ ಕಂಡುಹಿಡಿದಿತ್ತು. ಅವನ ಕೋಟಿಗೂ ಹೀಗೇ ಯಾವುದೋ ಹೂವಿನ ವಾಸನೆ ಅಂಟಿಕೊಂಡು ಬರುತ್ತಿತ್ತು. ಆಗಲೂ ಅವಳು ಬಹಳ ದಿನ ಬಾಯಿ ಬಿಡದೆ ಬಡಿಸಿದ್ದಳು.

ನೆವಿಲ್ ಹಾಗಲ್ಲ ಎಂದು ಅವಳು ನಂಬಿದ್ದಳು. ಹ್ಯಾಲಿಫ್ಯಾಕ್ಸ್‌ನಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು, ಹೆಂಡತಿ ತೀರಿಕೊಂಡಿದ್ದಳು. ಗುರುವಾರ ಮತ್ತು ಭಾನುವಾರ ಇಬ್ಬರೂ ಭೇಟಿಯಾಗುತ್ತಿದ್ದರು. ಅವನ ಮನೆ ಅವನಿಗೆ, ಅವಳ ಮನೆ ಅವಳಿಗೆ, ನಡುವೆ ಒಂದು ಗುಡ್ಡ. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಬೇರೆ ಬೇರೆ ಮನೆಯಲ್ಲಿರುವ ಜೋಡಿಗಳು ಒಂದೇ ಸೂರಿನಡಿ ಸೇರಬೇಕು, ಇಲ್ಲವೇ ಮುಖ ನೋಡದೆ ಇರಬೇಕು ಎಂದು ಸರಕಾರದವರು ಟಿವಿಯಲ್ಲಿ ಹೇಳಿಬಿಟ್ಟರು. ಅವಳ ಅಕ್ಕ ಗ್ರಿಮ್ಸ್‌ಬಿಯಿಂದ ಫೋನ್ ಮಾಡಿ ಇಲ್ಲಿಗೇ ಬಂದುಬಿಡು ಎಂದು ಕರೆದಿದ್ದಳು. ಅಷ್ಟರಲ್ಲಿ ನೆವಿಲ್‌ನ ಫೋನು.

"ಬರ್ತೀಯಾ?"

ಅಷ್ಟೇ ಕೇಳಿದ್ದು. ಬ್ರೆಂಡಾ ಎರಡು ಚೀಲ, ತನ್ನ ದಪ್ಪ ತಳದ ಪಾತ್ರೆ, ಉಸಿರು ಕಟ್ಟಿದಾಗ ಬಾಯಿಗಿಟ್ಟು ಎಳೆಯುವ ನೀಲಿ ಪಂಪು, ಇಷ್ಟನ್ನು ಹೊತ್ತುಕೊಂಡು ಗುಡ್ಡ ಇಳಿದು ಬಂದುಬಿಟ್ಟಳು. ಚಿಕ್ಕಂದಿನಿಂದ ಅವಳಿಗೆ ಉಬ್ಬಸ, ದುರ್ಬಲ ಎದೆ.

ಜುಲೈಯಲ್ಲಿ ಊರ ಬಾಗಿಲುಗಳು ತೆರೆದಾಗ ನೆವಿಲ್ ಒಲೆ, ಹಾಸಿಗೆ ಎಲ್ಲ ಇದ್ದ ತನ್ನ ಹಳೆಯ ವ್ಯಾನು ಹೊರತೆಗೆದ. ಎರಡು ದಿನ ಅಲ್ಲಿ, ನಾಲ್ಕು ದಿನ ಇಲ್ಲಿ, ನಡುವೆ ಮನೆಗೆ ಬಂದು ಬಟ್ಟೆ ಒಗೆದು ಮತ್ತೆ ಹೊರಡುವುದು. ತಂಗುದಾಣಗಳಲ್ಲಿ ಶೌಚಾಲಯಗಳಿಗೆ ಬೀಗ. ವ್ಯಾನಿನಲ್ಲೇ ಕಕ್ಕಸು ಇದ್ದವರಿಗೆ ಮಾತ್ರ ಪ್ರವೇಶ. ನೆವಿಲ್‌ನ ವ್ಯಾನಿನಲ್ಲಿ ಸೀಟಿನ ಕೆಳಗೆ ಒಂದಿತ್ತು. "ನೋಡು, ನಮ್ಮದು ಅರಮನೆ" ಎಂದು ಅದನ್ನು ತಟ್ಟಿ ತೋರಿಸಿ ನಕ್ಕಿದ್ದ. ಆಗ ಅವಳೂ ನಕ್ಕಿದ್ದಳು.

ಈಗ ನಗು ಬರುತ್ತಿರಲಿಲ್ಲ. ಹಳ್ಳಿಯ ಅಂಗಡಿಯವನು ಮಾಸ್ಕಿನ ಮೇಲಿಂದ "ಎಲ್ಲಿಂದ ಬಂದ್ರಿ?" ಎಂದು ಅನುಮಾನದಿಂದ ನೋಡಿದರೆ, ಅವಳೂ ನೆವಿಲ್‌ನನ್ನು ಅದೇ ಕಣ್ಣಿನಿಂದ ನೋಡುತ್ತಿದ್ದಳು. ನೀನು ಎಲ್ಲಿಂದ ಬಂದೆ?

ಒಂದು ದಿನ ಓಟ್ಸ್ ಗಂಜಿಯನ್ನು ಬೇಕೆಂದೇ ತಳ ಹಿಡಿಸಿದಳು. ವ್ಯಾನೆಲ್ಲ ಕಮಟು. ನೆವಿಲ್ ಬಟ್ಟಲು ಕೆರೆದು ತಿಂದ.

"ಹೇಗಿದೆ?"

"ಸೊಗಸಾಗಿದೆ ಕಣೇ."

ಮೊದಲಾದರೆ ಸಾರಿಗೆ ಒಂದೆಲೆ ಸೊಪ್ಪು ಕಡಿಮೆಯಾದರೂ ಮೂಗು ಮುರಿಯುತ್ತಿದ್ದವನು. ಮನಸ್ಸು ಬೇರೆಲ್ಲೋ ಇರುವವನಿಗೆ ನಾಲಿಗೆಯ ಮೇಲೆ ಏನಿದ್ದರೇನು, ಎಂದುಕೊಂಡಳು ಬ್ರೆಂಡಾ.

ಇದರ ಜೊತೆಗೆ ಒಂದು ಹಳದಿ ವ್ಯಾನು ಬೇರೆ. ವಿಟ್ಬಿಯಲ್ಲಿ ತಂಗಿದ್ದಾಗ ನೋಡಿದ್ದಳು, ನಾರ್ದಂಬರ್‌ಲ್ಯಾಂಡಿನಲ್ಲೂ ನೋಡಿದ್ದಳು. ಅದರಲ್ಲಿ ಒಂಟಿ ಹೆಂಗಸು, ಬೆಳ್ಳಿ ಕೂದಲ ಜಡೆ, ಕೆಂಪು ಬೂಟು. ವ್ಯಾನಿನವರು ದಾರಿಯಲ್ಲಿ ಎದುರಾದರೆ ಒಬ್ಬರಿಗೊಬ್ಬರು ಕೈ ಬೀಸುವುದು ವಾಡಿಕೆ. ನೆವಿಲ್ ಎಲ್ಲರಿಗೂ ಎರಡು ಬೆರಳು ಎತ್ತುತ್ತಿದ್ದ. ಹಳದಿ ವ್ಯಾನಿಗೆ ಮಾತ್ರ ಇಡೀ ತೋಳು.

"ಅವಳು ನಿನಗೆ ಗೊತ್ತಾ?"

"ಯಾರು?"

"ಕೆಂಪು ಬೂಟು."

"ಓ, ಅವಳಾ? ಇಲ್ಲಪ್ಪ. ಒಬ್ಬಳೇ ಅಷ್ಟು ದೊಡ್ಡ ವ್ಯಾನು ಓಡಿಸ್ತಾಳಲ್ಲ, ಶಭಾಷ್ ಅನ್ನಿಸ್ತು."

"ಬೂಟು ನೋಡೋಕೆ ನಿನಗೆ ಕಣ್ಣಿದೆ, ಗಂಜಿ ನೋಡೋಕೆ ಇಲ್ಲ."

ಅವನು ಅರ್ಥವಾಗದೆ ನಕ್ಕ. ಅವನ ನಗುವಿನಲ್ಲಿ ಎಡಗಣ್ಣು ಮೊದಲು ಮುಚ್ಚಿಕೊಳ್ಳುತ್ತಿತ್ತು, ಆಮೇಲೆ ಬಲಗಣ್ಣು. ಅದನ್ನು ನೋಡಲೆಂದೇ ಎರಡು ವರ್ಷ ಅವಳು ಗುರುವಾರಗಳಿಗೆ ಕಾದಿದ್ದಳು. ಈಗಲೂ ಎದೆಯಲ್ಲಿ ಏನೋ ಸಡಿಲವಾಯಿತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಆಗಸ್ಟಿನಲ್ಲಿ ಅವರು ಸ್ಕಾಟ್ಲೆಂಡಿನ ಗ್ಯಾಲೋವೇಗೆ ಹೋದರು. ಪಕ್ಕದಲ್ಲೊಂದು ಬಟ್ಟೆಯ ಡೇರೆ ಕಟ್ಟಿ, ಚಕ್ರದ ಕೆಳಗೆ ಮರದ ತುಂಡು ಕೊಟ್ಟು ವ್ಯಾನು ಸಮ ಮಾಡುವಾಗ ನೆವಿಲ್ ಕೋಟು ತೆಗೆದು ಅವಳ ಕೈಗಿತ್ತ. ಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಕಪ್ಪು ಗಾಜಿನ ಪುಟ್ಟ ಸೀಸೆ. ಮುಚ್ಚಳ ತೆರೆಯಬೇಕಾಗಿಯೂ ಇರಲಿಲ್ಲ. ಗುಲಾಬಿ.

ಯಾರಿಗೆ ಕೊಡಲು? ಅಥವಾ ಯಾರು ಕೊಟ್ಟದ್ದು?

ತಲೆ ಎತ್ತಿದರೆ ಮೈದಾನದ ಆ ಮೂಲೆಯಲ್ಲಿ ಹಳದಿ ವ್ಯಾನು.

ಮರುದಿನ ಬೆಳಿಗ್ಗೆ ನೆವಿಲ್ ತಿರುಗಾಟ ಮುಗಿಸಿ ಬಂದ ಮೇಲೆ, "ನೀರು ತರ್ತೀನಿ" ಎಂದು ಬ್ರೆಂಡಾ ಕ್ಯಾನು ಹಿಡಿದು ಹೊರಟಳು. ನಲ್ಲಿಯ ಕಡೆಗಲ್ಲ, ನೇರವಾಗಿ ಹಳದಿ ವ್ಯಾನಿನ ಕಡೆಗೆ. ಹೆಂಗಸು ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಬ್ರೆಂಡಾ ಎರಡು ಮೀಟರು ದೂರದಲ್ಲಿ ನಿಂತಳು.

"ನಮ್ಮ ಹಿಂದೇನೇ ಯಾಕೆ ಸುತ್ತುತಾ ಇದ್ದೀರಿ?"

ಆ ಹೆಂಗಸು, ಹೆಸ್ಟರ್ ಅವಳ ಹೆಸರು, ಬಟ್ಟಲು ಕೆಳಗಿಟ್ಟಳು. "ಇದೊಳ್ಳೆ ಕಥೆಯಾಯ್ತಲ್ಲ! ನೀವೇ ನನ್ನ ಹಿಂದೆ ಬರ್ತಾ ಇದ್ದೀರಿ ಅಂತ ನಾನು ರಾತ್ರಿ ಎರಡೆರಡು ಬೀಗ ಹಾಕ್ಕೊಂಡು ಮಲಗ್ತಾ ಇದ್ದೀನಿ."

"ನಾವಾ?"

"ಕಕ್ಕಸಿರೋ ವ್ಯಾನಿಗೆ ತೆರೆದಿರೋ ಜಾಗ ಎಷ್ಟಿವೆ ಹೇಳಿ? ನೀವು ಹೋಗೋ ಕಡೆ ನಾನೂ ಹೋಗಬೇಕು, ನಾನು ಹೋಗೋ ಕಡೆ ನೀವೂ ಬರಬೇಕು."

ಬ್ರೆಂಡಾ ಅಷ್ಟಕ್ಕೇ ಬಿಡಲಿಲ್ಲ. "ನಮ್ಮವನು ಬೆಳಿಗ್ಗೆ ನಿಮ್ಮ ಹತ್ತಿರ ಬರ್ತಾನಾ?"

"ನನ್ನ ಹತ್ತಿರ?" ಹೆಸ್ಟರ್ ಪಕ್ಕೆ ಹಿಡಿದುಕೊಂಡು ನಕ್ಕಳು. "ಅಮ್ಮಾ ತಾಯಿ, ಅವರು ಆ ಬಂಡೆ ಮೇಲೆ ಕೂತು ಏನೋ ಮೂಸ್ತಾ ಇರ್ತಾರೆ. ಕಣ್ಣು ಮುಚ್ಕೊಂಡು, ಒಂದಾದ ಮೇಲೆ ಒಂದು. ಪಾಪ, ನಶ್ಯದ ಚಟ ಇರಬೇಕು, ಹೆಂಡತಿಗೆ ಹೆದರಿ ಇಲ್ಲಿ ಬಂದಿದಾರೆ ಅಂದ್ಕೊಂಡೆ."

ಬ್ರೆಂಡಾಳಿಗೆ ತಲೆಬುಡ ತಿಳಿಯಲಿಲ್ಲ. ಖಾಲಿ ಕ್ಯಾನು ತೂಗಾಡಿಸುತ್ತಾ ಹಿಂದಿರುಗಿದಳು. ಗಾಳಿ ಜೋರಾಗಿದ್ದರಿಂದ ನೆವಿಲ್ ವ್ಯಾನಿನ ಬಾಗಿಲು ಮುಚ್ಚಿಕೊಂಡಿದ್ದ. ಎಳೆದು ತೆರೆದಳು.

ಕೊಳೆತ ಈರುಳ್ಳಿಯಂಥ ವಾಸನೆ ಮುಖಕ್ಕೆ ರಾಚಿತು. ಗ್ಯಾಸ್!

ನೆವಿಲ್ ಒಲೆಯ ಮುಂದೆ ನಿಂತಿದ್ದ. ಬಾಗಿಲು ಮುಚ್ಚುವ ಮೊದಲೇ ಗಾಳಿ ಬೀಸಿ ಉರಿ ಆರಿಹೋಗಿತ್ತು, ಗ್ಯಾಸು ಬರುತ್ತಲೇ ಇತ್ತು. ಅವನು ನಿರಾಳವಾಗಿ ಕೆಟಲ್ ಸರಿಸಿ ಲೈಟರ್ ಎತ್ತಿಕೊಂಡಿದ್ದ.

"ಹಚ್ಚಬೇಡ!"

ಅವಳು ಕೂಗಿದ ಧಾಟಿಗೆ ಲೈಟರ್ ಅವನ ಕೈಯಿಂದ ಬಿತ್ತು. ಬ್ರೆಂಡಾ ಒಲೆಯ ಗುಂಡಿ ತಿರುಗಿಸಿ, ಕೊರಳಪಟ್ಟಿ ಹಿಡಿದು ಅವನನ್ನು ಹೊರಗೆಳೆದಳು. ಹುಲ್ಲಿನ ಮೇಲೆ ನಿಂತು ಪಂಪು ತೆಗೆದು ಎರಡು ಸಲ ಎಳೆದುಕೊಂಡಳು.

"ಸತ್ತೇಹೋಗ್ತಿದ್ದೆ! ವಾಸನೆ ಬರ್ಲಿಲ್ವಾ ನಿನಗೆ?"

ನೆವಿಲ್ ಪ್ಯಾಂಟಿನ ಜೇಬು, ಕೋಟಿನ ಜೇಬು, ಎಲ್ಲ ತಡಕಿ ನಾಲ್ಕು ಪುಟ್ಟ ಸೀಸೆ ತೆಗೆದು ಅಂಗೈ ಮೇಲಿಟ್ಟುಕೊಂಡ.

"ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ. ಬೆಳಿಗ್ಗೆ ಸಂಜೆ ಮೂಸ್ಬೇಕು ಅಂತ ನರ್ಸಮ್ಮ ಫೋನಲ್ಲಿ ಹೇಳಿದ್ರು. ಮೂಗಿಗೆ ಪಾಠ. ಲವಂಗ ಮೂಸುವಾಗ ನಿನ್ನ ಸೇಬಿನ ಕಡುಬು ನೆನೆಸ್ಕೋತೀನಿ. ವಾಸನೆ ಏನೂ ಬರಲ್ಲ, ಬ್ರೆಂಡಾ. ಎಲ್ಲಾ ನೀರೇ."

"ಮತ್ತೆ ಆ ಸೆಂಟು?"

"ಇಷ್ಟು ಚಿಕ್ಕ ವ್ಯಾನು. ನನ್ನ ಮೈ ನಾರ್ತಾ ಇದ್ರೆ ನನಗೆ ಗೊತ್ತಾಗಬೇಕಲ್ಲ."

ಒಂದು ಗಳಿಗೆ ಬ್ರೆಂಡಾಳ ಮೈಯೆಲ್ಲ ಹಗುರವಾಯಿತು. ಯಾರೂ ಇಲ್ಲ. ಯಾವ ಹೆಂಗಸೂ ಇಲ್ಲ. ಆದರೆ ಅವನು ಇನ್ನೂ ತಲೆ ಎತ್ತಿರಲಿಲ್ಲ. ಅವಳ ಅನುಮಾನ ಇನ್ನೊಂದು ಕಡೆಗೆ ಮೆಲ್ಲಗೆ ಮುಖ ತಿರುಗಿಸಿತು.

"ಯಾವಾಗಿಂದ?"

"ಮಾರ್ಚಿಂದ."

"ನಾನು ನಿನ್ನ ಮನೆಗೆ ಬಂದ ಮೇಲಾ, ಬರೋಕೆ ಮುಂಚೆನಾ?"

ಕಡಲ ಹಕ್ಕಿಯೊಂದು ಅವರ ತಲೆಯ ಮೇಲೆ ಕೂಗಿ ಹೋಯಿತು.

"ಮುಂಚೆ," ಎಂದ ನೆವಿಲ್. "ಎರಡು ದಿನ ಜ್ವರ ಇತ್ತು. ಇಳೀತು, ಮೂಗು ಮಾತ್ರ ಸರಿಹೋಗ್ಲಿಲ್ಲ. ಹೇಳಿದ್ರೆ ನೀನು ಗ್ರಿಮ್ಸ್‌ಬಿಗೆ ಹೋಗ್ತಿದ್ದೆ."

"ನನ್ನ ಎದೆ ಎಂಥದ್ದು ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಬರ್ತೀಯಾ ಅಂದೆ."

"ಮೊದಲ ಎರಡು ವಾರ ಸೊಂಟ ನೋವು ಅಂತ ಬೇರೆ ಕೋಣೇಲಿ ಮಲಗಿದ್ದೆನಲ್ಲ, ನೋವೇನೂ ಇರ್ಲಿಲ್ಲ. ಗೋಡೆಗೆ ಕಿವಿ ಕೊಟ್ಟು ನಿನ್ನ ಉಸಿರು ಕೇಳ್ತಿದ್ದೆ."

ಅವನು ಬೇರೆ ಮಲಗಿದ್ದನ್ನು ಅವಳು ಅವನ ನಾಚಿಕೆ ಎಂದುಕೊಂಡು ಒಳಗೊಳಗೇ ಮುದ್ದಿಸಿದ್ದಳು. ಈಗ ಅದೂ ಕೈಬಿಟ್ಟು ಹೋಯಿತು.

"ಇನ್ನೊಬ್ಬಳಿದ್ದಿದ್ರೆ ಸುಲಭ ಆಗ್ತಿತ್ತು ಮಾರಾಯಾ," ಎಂದಳು. "ಚೀಲ ತಗೊಂಡು ಹೋಗ್ತಾ ಇದ್ದೆ. ನನಗೆ ಗೊತ್ತಿರೋ ದಾರಿ ಅದು."

"ಈಗ ಹೋಗ್ತೀಯಾ?"

ಅವಳು ವ್ಯಾನು ನೋಡಿದಳು, ಪಕ್ಕದ ಡೇರೆ ನೋಡಿದಳು.

"ಆಗ ಇರಬೇಕಾಗಿದ್ದ ಎರಡು ವಾರದ ಕ್ವಾರಂಟೈನ್ ಈಗ ಇರು. ನೀನು ಡೇರೇಲಿ, ನಾನು ವ್ಯಾನಲ್ಲಿ. ನನ್ನ ಹತ್ತಿರ ಬರಬೇಡ. ಕೇಳಿದ್ದಕ್ಕೆಲ್ಲ ನಿಜ ಹೇಳು. ಆಮೇಲೆ ಗ್ರಿಮ್ಸ್‌ಬಿಯೋ ಹ್ಯಾಲಿಫ್ಯಾಕ್ಸೋ ಯೋಚನೆ ಮಾಡ್ತೀನಿ."

"ಈಗ ಇದ್ರೆ ಆ ರೋಗಕ್ಕೆ ಏನಾಗುತ್ತೆ?"

"ರೋಗಕ್ಕೋಸ್ಕರ ಅಲ್ಲ. ನನಗೋಸ್ಕರ."

ಹಾಗೆ ಶುರುವಾಯಿತು. ನೆವಿಲ್ ಡೇರೆಯೊಳಗೆ ಹಾಸಿಗೆ ಹಾಕಿಕೊಂಡ. ಬ್ರೆಂಡಾ ಮಡಚುವ ಸ್ಟೂಲಿನ ಮೇಲೆ ತಟ್ಟೆ ಇಟ್ಟು ಹಿಂದೆ ಸರಿಯುತ್ತಿದ್ದಳು. ಅವನು ಬಂದು ತೆಗೆದುಕೊಂಡು ಹೋಗುತ್ತಿದ್ದ. ಇಡೀ ಮೈದಾನಕ್ಕೆ ಅದೊಂದು ತಮಾಷೆ. ಹೆಸ್ಟರ್ ದೂರದಿಂದ, "ಖೈದಿಗೆ ಊಟ ಆಯ್ತಾ?" ಎಂದು ಕೇಳುತ್ತಿದ್ದಳು.

ಬ್ರೆಂಡಾ ದಿನಾ ಪ್ರಶ್ನೆ ಕೇಳಿದಳು. ಯಾವ ಪ್ರಶ್ನೆ ಎಲ್ಲಿಂದ ಬರುವುದೋ ಅವನಿಗೆ ತಿಳಿಯುತ್ತಿರಲಿಲ್ಲ.

"ನನ್ನ ಉಣ್ಣೆ ಟೋಪಿ ಚೆನ್ನಾಗಿದೆ ಅಂದಿದ್ದೆಯಲ್ಲ, ನಿಜಾನಾ?"

"ಇಲ್ಲ. ಅಣಬೆ ಥರ ಇದೆ."

"ಅವತ್ತು ಗಂಜಿ?"

"ಯಾವ ಗಂಜಿ?"

"ಸುಟ್ಟು ಇದ್ದಿಲಾಗಿದ್ದದ್ದು."

"ಅದು ಸುಟ್ಟಿತ್ತಾ!"

ಅವಳು ನಗು ತಡೆಯಲಾಗದೆ ಕಿಟಕಿಯ ಪರದೆ ಎಳೆದುಕೊಂಡಳು. ಪರದೆಯ ಆಚೆ ಅವನು ನಗುತ್ತಿದ್ದದ್ದು ಕೇಳಿಸಿತು. ಆದರೂ ರಾತ್ರಿ ಒಬ್ಬಳೇ ಮಲಗಿದಾಗ ಎದೆಯ ಮೇಲೆ ಕೈಯಿಟ್ಟುಕೊಂಡು, ಆಗ ಉಸಿರು ನಿಂತಿದ್ದರೆ, ಎಂದುಕೊಳ್ಳುತ್ತಿದ್ದಳು. ಆ ಯೋಚನೆ ನಗುವಿಗೆ ಕರಗುವಂಥದ್ದಲ್ಲ.

ಒಂದು ಬೆಳಿಗ್ಗೆ ಅವನು ಡೇರೆಯ ಬಾಗಿಲಲ್ಲಿ ಕೂತು, "ಕಡಲು ಇವತ್ತು ಯಾವ ಥರ ವಾಸನೆ ಬರ್ತಿದೆ?" ಎಂದು ಕೇಳಿದ.

ಸೆಂಟು ಹಾಕಿಕೊಳ್ಳುವುದನ್ನು ಅವನು ಬಿಟ್ಟಿದ್ದ. ಅವಳು ಹೇಳಬಾರದೆಂದುಕೊಂಡೇ ಹೇಳಿದಳು. "ಒದ್ದೆ ಹಗ್ಗದ ಥರ. ಆಚೆ ಯಾರೋ ಹುಲ್ಲು ಕೊಯ್ದಿದಾರೆ. ಹೆಸ್ಟರ್ ಟೋಸ್ಟ್ ಸೀಯಿಸ್ತಾ ಇದಾಳೆ."

ಅವನು ಕಣ್ಣು ಮುಚ್ಚಿ ಒಂದೊಂದನ್ನೂ ಒಳಗೆಳೆದುಕೊಳ್ಳುವವನಂತೆ ಕೂತ. ಮರುದಿನ ಅವನು ಕೇಳುವ ಮೊದಲೇ ಅವಳು ಹೇಳಿದಳು.

ಎರಡು ವಾರ ಇನ್ನೂ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಕಡಲಿನಿಂದ ಬಿರುಗಾಳಿ ಎದ್ದಿತು. ಡೇರೆಯ ಕಂಬ ಬಾಗಿತು, ಬಟ್ಟೆ ಪಟಪಟ ಹೊಡೆದುಕೊಂಡಿತು, ಮಳೆ ಅಡ್ಡಡ್ಡ ಬಿತ್ತು. ನೆವಿಲ್ ಎರಡು ಕೈಯಲ್ಲೂ ಕಂಬ ತಬ್ಬಿಕೊಂಡು ನೆನೆಯುತ್ತಾ ನಿಂತಿದ್ದ, ವ್ಯಾನಿನ ಕಡೆ ಒಮ್ಮೆಯೂ ನೋಡದೆ. ಬ್ರೆಂಡಾ ಕಿಟಕಿ ತೆರೆದಳು.

"ಏಯ್! ಒಳಗೆ ಬಾ."

"ಇನ್ನೂ ದಿನ ಮುಗಿದಿಲ್ಲ!"

"ಮಾಸ್ಕ್ ಹಾಕ್ಕೊಂಡು ಬಾ."

ಅವನು ಬಂದು, ಬಾಗಿಲ ಪಕ್ಕದ ಮೂಲೆಯಲ್ಲಿ, ಮೂಗಿನವರೆಗೆ ಮಾಸ್ಕ್ ಏರಿಸಿಕೊಂಡು ಕೂತ. ಕೂದಲಿನಿಂದ ನೀರು ಇಳಿಯುತ್ತಿತ್ತು. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ. ಅವು ಅವಳನ್ನು ನೋಡಿ, ಕೆಳಗೆ ನೋಡಿ, ಮತ್ತೆ ನೋಡಿದವು. ಅವಳು ಟವೆಲ್ ಎಸೆದಳು.

"ಮಾರ್ಚಲ್ಲಿ ಕೇಳಿದ್ದನ್ನ ಈಗ ಕೇಳು. ಎಲ್ಲಾ ಸೇರಿಸಿ ಕೇಳು."

ಅವನು ಟವೆಲ್ ಮಡಿಲಲ್ಲಿ ಹಿಡಿದುಕೊಂಡು ನಿಧಾನವಾಗಿ ಹೇಳಿದ. "ಬ್ರೆಂಡಾ, ನನಗೆ ಜ್ವರ ಬಂದಿತ್ತು. ನನ್ನಿಂದ ನಿನಗೆ ಅಪಾಯ ಆಗಬಹುದು. ಒಬ್ಬನೇ ಇರೋಕೆ ನನಗೆ ಭಯ. ಇಷ್ಟಿದೆ. ಬರ್ತೀಯಾ?"

"ಇಲ್ಲ."

ಅವನು ತಲೆಯಾಡಿಸಿದ. ಎದ್ದು ಬಾಗಿಲ ಹಿಡಿಗೆ ಕೈ ಹಾಕಿದ.

"ಕೂತ್ಕೋ. ಪೂರ್ತಿ ಕೇಳು. ಆಗ ಹೀಗೆ ಕೇಳಿದ್ರೆ ಬರ್ತಿರಲಿಲ್ಲ. ಗ್ರಿಮ್ಸ್‌ಬಿಗೆ ಹೋಗ್ತಿದ್ದೆ. ಅಕ್ಕನ ಬಾಯಿ ಸಹಿಸ್ಕೊಂಡು ಎರಡು ವಾರ ಇರ್ತಿದ್ದೆ. ನೀನು ಹುಷಾರಾಗಿದ್ದೀಯಾ ಅಂತ ದಿನಾ ಫೋನ್ ಮಾಡ್ತಿದ್ದೆ. ಆಮೇಲೆ ಬರ್ತಿದ್ದೆ ಕಣೋ ಪೆದ್ದ. ಅದು ನಿನ್ನ ತಲೆಗೆ ಹೊಳೀಲೇ ಇಲ್ವಾ?"

ನೆವಿಲ್ ನಿಂತಲ್ಲೇ ನಿಂತ. ಹೊಳೆದಿರಲಿಲ್ಲ. ಇಷ್ಟು ತಿಂಗಳಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಹೋದವರು ಹಿಂದಿರುಗಿ ಬರುತ್ತಾರೆ ಎಂಬುದು ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಮರೆತೇಹೋಗಿತ್ತು. ಅವನ ಎಡಗಣ್ಣು ತುಂಬಿತು, ಆಮೇಲೆ ಬಲಗಣ್ಣು.

ಮಾಸ್ಕಿನ ಒಳಗಿಂದ ಏನೋ ಹೇಳಿದ. ಮಳೆಯ ಸದ್ದಿನಲ್ಲಿ ಅದು ಮುಳುಗಿಹೋಯಿತು.

"ಒಂದೂ ಕೇಳಿಸ್ಲಿಲ್ಲ," ಎಂದಳು ಬ್ರೆಂಡಾ. "ಅದನ್ನ ತೆಗೆದು ಹೇಳು."

ಅವನು ಕಿವಿಯ ದಾರಕ್ಕೆ ಬೆರಳು ಹಾಕುವಷ್ಟರಲ್ಲಿ ಅವಳು ಸೀಟಿನ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದ್ದಳು.