ಮೊದಲ ದಿನ ಹತ್ತೇ ನಿಮಿಷ

"ಈ ಶೂ ಮಾರಿದ ಪುಣ್ಯಾತ್ಮನನ್ನ ಒಂದ್ಸಲ ನನ್ನ ಮುಂದೆ ತಂದು ನಿಲ್ಲಿಸಿ!"

ಫಿಸಿಯೋ ಮೇಡಂ ಕೈಯಲ್ಲಿದ್ದ ಶೂವನ್ನು ಎರಡಾಗಿ ಮಡಚಿದಳು. ಅದು ಮಡಚಿಕೊಂಡೇಬಿಟ್ಟಿತು! ಹಿಮ್ಮಡಿಯ ಕೆಳಗೆ ಎತ್ತರವಿಲ್ಲ, ಒಳಗೆ ಮೆತ್ತೆಯಿಲ್ಲ, ಅಡಿಯಲ್ಲಿ ರಟ್ಟಿನಷ್ಟು ತೆಳುವಾದ ಸೋಲ್.

ಮಂಚದ ಮೇಲೆ ಕುಳಿತಿದ್ದವನು ತನ್ನ ಊದಿದ ಪಾದ ನೋಡಿಕೊಂಡು ಮೆಲ್ಲಗೆ ಹೇಳಿದ.

"ನಿಲ್ಲೋಕಾಗಲ್ಲ ಮೇಡಂ... ಕಾಲು ನೋವು."

"ನಿಮ್ಮನ್ನಲ್ಲ ರೀ, ಮಾರಿದವನನ್ನ!"

"ಅದೇ... ಮಾರಿದವನೂ ನಾನೇ. ಮಾಡಿದವನೂ ನಾನೇ."

ಅಯ್ಯೋ! ಮೇಡಂ ಮುಖ ಕೆಂಪಾಯಿತು. ನಗು ಬಂತು, ನುಂಗಿಕೊಂಡಳು. ರೋಗಿಯ ಮುಂದೆ ನಕ್ಕರೆ, ತಾನು ಹೇಳಿಕೊಟ್ಟ ವ್ಯಾಯಾಮವನ್ನು ಅವನು ಮಾಡುವುದಿಲ್ಲ ಎಂಬುದು ಅವಳ ಅನುಭವ.

ಅವನ ಅಂಗಡಿ ಎರಡು ಬೀದಿ ಆಚೆಗೆ. ಮುಂದೆ ಗಾಜಿನ ಕಪಾಟು, ಹಿಂದೆ ಶೂ ಹೊಲಿಯುವ ಕೋಣೆ, ಕೆಲಸಕ್ಕೆ ಅವನು, ಅವನ ಅಕ್ಕ ಇಬ್ಬರೇ. ಬರಿಗಾಲಲ್ಲಿ ನಡೆದಂತೆ ಅನ್ನಿಸುವ ಈ ಶೂ ಅವನ ಕನಸು. ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: 'ವ್ಯಾಯಾಮಕ್ಕೆ ಇದು ನಿಜವಾಗ್ಲೂ ಒಳ್ಳೇದಾ?' ಸರಿ, ಮಾಡಿ ತೋರಿಸೋಣ ಅಂದುಕೊಂಡ. ವರ್ಷಗಟ್ಟಲೆ ದಪ್ಪ ಸೋಲ್ ಹಾಕಿ ಓಡಿದವನು, ಒಂದು ಬೆಳಗ್ಗೆ ಇದನ್ನು ಏರಿಸಿಕೊಂಡು ಪಾರ್ಕನ್ನೆಲ್ಲ ಓಡಿಬಿಟ್ಟ. ಮರುದಿನ ಮೀನಖಂಡ ಕಲ್ಲಾಗಿತ್ತು, ಪಾದ ಊದಿತ್ತು.

"ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳ್ತಾರಾ?" ಎಂದಳು ಅವಳು, ಅವನ ಪಾದ ಒತ್ತಿ ನೋಡುತ್ತಾ. "ಇಷ್ಟು ವರ್ಷ ದಪ್ಪ ಸೋಲೇ ನಿಮ್ಮ ಪಾದದ ಕೆಲಸ ಮಾಡಿಕೊಟ್ಟಿದೆ. ಪಾದಕ್ಕೆ ಕೂತು ತಿಂದು ಅಭ್ಯಾಸ. ಒಂದೇ ದಿನಕ್ಕೆ ಮೂಟೆ ಹೊರಿಸಿದ್ರೆ?"

"ಅಂದ್ರೆ ಶೂ ತಪ್ಪಲ್ಲ, ನನ್ನ ಆತುರ ತಪ್ಪು."

"ಶೂನೂ ತಪ್ಪೇ. ನನ್ನ ಕೇಳಿದ್ರೆ ಇದು ಯಾರಿಗೂ ಬೇಡ."

ಅವನು ವಾದಕ್ಕಿಳಿಯಲಿಲ್ಲ. ಶೂ ಕೈಗೆತ್ತಿಕೊಂಡು ಹೇಳಿದ, "ನೀವು ಹೇಳಿದ ಹಾಗೇ ನಿಧಾನಕ್ಕೆ ಮಾಡ್ತೀನಿ. ಪೂರ್ತಿ ನೋಡಿ, ಆಮೇಲೆ ತೀರ್ಪು ಕೊಡಿ. ಆಗಲೂ ಬೇಡ ಅಂದ್ರೆ, ಈ ಶೂ ಮಾಡೋದನ್ನೇ ಬಿಟ್ಟುಬಿಡ್ತೀನಿ."

"ಮಾತು ಕೊಡ್ತೀರಾ?"

"ಕೊಟ್ಟೆ."

ಅವಳು ಅವನ ಒದ್ದೆ ಪಾದವನ್ನು ಕಂದು ಕಾಗದದ ಮೇಲೆ ಇಡಿಸಿದಳು. ಪಾದದ ಬಾಗು ಹೇಗಿದೆ ಎಂದು ನೋಡುವ ರೀತಿ ಅದು. ಹೋಲಿಕೆಗೆ ತೋರಿಸಲು ತನ್ನ ಪಾದವನ್ನೂ ಒದ್ದೆ ಮಾಡಿ ಪಕ್ಕದಲ್ಲಿಟ್ಟು, ಆರುವ ಮೊದಲೇ ಎರಡೂ ಗುರುತಿಗೆ ಪೆನ್ಸಿಲ್ಲಿನಲ್ಲಿ ಅಂಚು ಎಳೆದಳು.

ಅವನು ಬಾಗನ್ನು ನೋಡಲಿಲ್ಲ. "ನಿಮ್ಮ ಕಿರುಬೆರಳು, ಪಾಪ, ಹೇಗೆ ಮುದುಡಿಕೊಂಡಿದೆ ನೋಡಿ! ಶೂ ಬಿಗಿ ಅಲ್ವಾ ಮೇಡಂ? ಸಂಜೆ ಹೊತ್ತಿಗೆ ನೋಯುತ್ತಾ?"

ಬೆಳಗ್ಗಿನಿಂದ ಸಂಜೆವರೆಗೆ 'ಎಲ್ಲಿ ನೋವು?' ಎಂದು ಊರಿಗೆಲ್ಲ ಕೇಳುವವಳು ಅವಳು. ಅವಳನ್ನು ಯಾರು ಕೇಳಿದ್ದರು?

"ನೋಯುತ್ತೆ," ಎಂದಳು ಮೆಲ್ಲಗೆ.

ಆ ಕಾಗದವನ್ನು ಅವನು ಸುರುಳಿ ಸುತ್ತಿ ಮನೆಗೆ ಒಯ್ದ. ಅವನದೇ ಪಾದದ ಗುರುತಿಗೆಂದು ಇರಬೇಕು ಎಂದುಕೊಂಡಳು ಅವಳು.

ಊತ ಇಳಿಯುವವರೆಗೆ ಸಂಪೂರ್ಣ ವಿಶ್ರಾಂತಿ. ಆಮೇಲೆ ಮನೆಯೊಳಗೆ ಬರಿಗಾಲ ನಡಿಗೆ, ತುದಿಗಾಲಲ್ಲಿ ಏರುವುದು, ಇಳಿಯುವುದು. ಆಮೇಲೆ ತೆಳು ಶೂ, ಅದೂ ದಿನಕ್ಕೆ ಹತ್ತೇ ನಿಮಿಷ, ನಡಿಗೆ ಮಾತ್ರ. ಕಾಲ್ಬೆರಳಲ್ಲಿ ಕರವಸ್ತ್ರ ಎತ್ತುವ ಅಭ್ಯಾಸವನ್ನೂ ಹೇಳಿಕೊಟ್ಟಿದ್ದಳು. ಅವನು ಒಂದು ದಿನ ಎತ್ತಿದ್ದಲ್ಲದೆ, ಕಾಲನ್ನು ಹಾಗೇ ಅವಳ ಮುಂದೆ ಚಾಚಿದ.

"ತಗೊಳ್ಳಿ ಮೇಡಂ, ನಿಮ್ಮ ಕರವಸ್ತ್ರ."

"ಥೂ! ಕೈಯಲ್ಲಿ ಕೊಡ್ರೀ!"

ಇಬ್ಬರೂ ನಕ್ಕರು. ಅವಳಿಗೆ ರೋಗಿಯ ಮುಂದೆ ನಗಬಾರದೆಂಬ ನಿಯಮ ಮರೆತೇಹೋಗಿತ್ತು.

ಮನೆಯಲ್ಲಿ ಅತ್ತಿಗೆಯ ಕಣ್ಣಿಗೆ ಮಣ್ಣೆರಚುವುದು ಸುಲಭವೇ?

"ಏನಮ್ಮಾ, ಇವತ್ತು ತೆಳುಶೂ ಬರೋ ದಿನವಾ? ಕನ್ನಡಿ ಮುಂದೆ ಬೇರು ಬಿಟ್ಟಿದ್ದೀಯ!"

"ಅತ್ತಿಗೇ! ಅವ್ರು ಪೇಷಂಟು."

"ಹೌದೌದು. ಜ್ವರ ಮಾತ್ರ ನಿನಗೆ!"

ಅತ್ತಿಗೆ ನಕ್ಕಳು, ಆದರೆ ಮೇಡಂಗೆ ಒಳಗೊಳಗೇ ಭಯವಾಯಿತು. ಹಿಂದೊಮ್ಮೆ ಎರಡೇ ಭೇಟಿಯಲ್ಲಿ ಒಬ್ಬನ ಜೊತೆ ಮದುವೆಗೆ 'ಹೂಂ' ಅಂದಿದ್ದಳು. ಮನೆಮಂದಿ ಎಲ್ಲ ಹಿಗ್ಗಿದ ಮೇಲೆ, 'ನನಗೆ ಬೇರೆಯವರು ಇಷ್ಟ' ಎಂದು ಅವನು ಫೋನಿನಲ್ಲೇ ಮುಗಿಸಿಬಿಟ್ಟಿದ್ದ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅವಳೂ ಊದುತ್ತಲೇ ಇದ್ದಳು. ಆದರೂ ಈ ಮನುಷ್ಯ ಬರುವ ದಿನ ಮನಸ್ಸು ಹಗುರಾಗುತ್ತಿತ್ತು... ಪ್ರೀತಿ ಅಲ್ಲದೆ ಇನ್ನೇನು ಅದು?

ಕೊನೆಯ ತಪಾಸಣೆಯ ದಿನ. ಅವನೀಗ ಒಂಟಿಕಾಲಲ್ಲಿ ಕಂಬದಂತೆ ನಿಲ್ಲುತ್ತಿದ್ದ. ಬೆಳಗ್ಗೆ ಸ್ವಲ್ಪ ದೂರ ಓಡಿಯೂ ಬಂದಿದ್ದ, ನೋವಿಲ್ಲ.

"ಶೂ ಕೊಡಿ, ಸೋಲ್ ನೋಡೋಣ," ಎಂದಳು. ಅವಳಿಗೆ ಸವೆದ ಸೋಲ್ ಎಂದರೆ ಮನುಷ್ಯನ ನಡಿಗೆಯ ಪೂರ್ತಿ ಕಥೆ.

ಅವನು ನೀರು ಕುಡಿಯಲು ಆಚೆ ಹೋದಾಗ ಅವನ ಚೀಲಕ್ಕೆ ತಾನೇ ಕೈಹಾಕಿದಳು. ಅವನ ಶೂ ಬಂತು. ಅದರ ಜೊತೆಗೆ ಇನ್ನೊಂದು ಜೊತೆ... ಹೆಂಗಸಿನದು! ಮೃದುವಾದ ತೊಗಲು, ಮುಂದೆ ಅಗಲ, ಹೊಲಿಗೆಯಂತೂ ಮುತ್ತು ಪೋಣಿಸಿದ ಹಾಗಿತ್ತು.

ಅಡಿ ತಿರುಗಿಸಿದಳು. ಬಲಗಾಲಿನ ಹಿಮ್ಮಡಿಯ ಹೊರ ಅಂಚು ಸವೆದಿತ್ತು. ಯಾರೋ ಒಬ್ಬಳು ಇದನ್ನು ಹಾಕಿಕೊಂಡು ನಡೆದಿದ್ದಾಳೆ. ಅವನ ಶೂಗೂ ಇದಕ್ಕೂ ಅಂಟಿದ್ದು ಪಾರ್ಕಿನ ಅದೇ ಕೆಮ್ಮಣ್ಣು, ಅದೇ ಬೆಳಗಿನ ಹಸಿ. ಜೊತೆಯಾಗಿ ನಡೆದಿದ್ದಾರೆ, ದಿನಾ.

ಅವಳು ಅದನ್ನು ಚೀಲಕ್ಕೆ ಮರಳಿ ಹಾಕಲು ಹೋದಳು.

"ಅಯ್ಯೋ, ಅದನ್ನ ಈಗ್ಲೇ ನೋಡಬೇಡಿ!" ಬಾಗಿಲಲ್ಲಿ ಅವನು ಗಾಬರಿಯಾಗಿ ನಿಂತಿದ್ದ. "ಅದು... ಇನ್ನೂ ಸ್ವಲ್ಪ ದಿನ ಬಿಟ್ಟು ಹೇಳೋಣ ಅಂತಿದ್ದೆ."

'ಇನ್ನೊಬ್ಬಳಿದ್ದಾಳೆ. ಮತ್ತೆ ಅದೇ ಕಥೆ!' ಎಂದಿತು ಅವಳ ಮನಸ್ಸು.

"ಹೇಳೋ ಅಗತ್ಯ ಇಲ್ಲ. ನಿಮ್ಮ ಕಾಲು ಸರಿಹೋಗಿದೆ. ಇನ್ನು ಬರೋದು ಬೇಡ."

"ಮೇಡಂ... ತೀರ್ಪು?"

"ಬೇಡ. ಆ ಶೂ ಯಾರಿಗೂ ಬೇಡ."

ಅವನು ಅವಳ ಮುಖವನ್ನೇ ನೋಡಿದ. "ಸರಿ. ಮಾತು ಕೊಟ್ಟಿದ್ದೆ," ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡು ಹೊರಟುಹೋದ.

ಅವಳು ಹೇಳಿದ್ದು ಸುಳ್ಳು. ಅವನ ಪಾದ ಹಿಂದೆಂದಿಗಿಂತ ಗಟ್ಟಿಯಾಗಿದ್ದುದನ್ನು ಅವಳ ಬೆರಳುಗಳೇ ನೋಡಿದ್ದವು. ಕೆಲವು ದಿನಗಳ ನಂತರ ಅವನ ಅಂಗಡಿಯ ಮುಂದೆ ಹಾದಾಗ ಗಾಜಿನ ಕಪಾಟಿನಲ್ಲಿ ತೆಳು ಶೂಗಳಿರಲಿಲ್ಲ. ಅಲ್ಲಿ ದಪ್ಪ ಸೋಲಿನವು ಸಾಲಾಗಿ ಕುಳಿತಿದ್ದವು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡದ್ದು ಸಾಲದೆ, ಅವನ ಕಾಲ ಮೇಲೂ ಹಾಕಿದೆನಲ್ಲ ಎಂದು ಅವಳಿಗೆ ಅಳು ಬಂತು.

ಮರುದಿನ ಬೆಳಗ್ಗೆ ಕ್ಲಿನಿಕ್ಕಿಗೆ ಒಬ್ಬ ಹೆಂಗಸು ಬಂದರು. ಬಾಗಿಲಿನಿಂದ ಕುರ್ಚಿಯವರೆಗಿನ ಅವರ ನಡಿಗೆಯನ್ನು ಅವಳು ಅಭ್ಯಾಸಬಲದಿಂದ ಗಮನಿಸಿದಳು. ಎಡಗಾಲು ನೇರ. ಬಲಗಾಲಿನ ಭಾರವೆಲ್ಲ ಹಿಮ್ಮಡಿಯ ಹೊರ ಅಂಚಿನ ಮೇಲೆ...

ಅವಳು ಪೆನ್ನು ಮೇಜಿನ ಮೇಲಿಟ್ಟು ಎದ್ದುನಿಂತಳು.

"ನೀವು... ಪಾರ್ಕಿನಲ್ಲಿ ಆ ಶೂ ಹಾಕಿಕೊಂಡು ನಡೆದಿದ್ದು ನೀವೇನಾ?"

"ಅಬ್ಬಬ್ಬಾ! ನಡಿಗೆ ನೋಡಿ ಜಾತಕ ಹೇಳ್ತೀಯಲ್ಲಮ್ಮ!" ಎಂದು ಹೆಂಗಸು ಕಣ್ಣರಳಿಸಿದರು. "ನಾನೇ. ಆ ಪೆದ್ದನ ಅಕ್ಕ. ನಮ್ಮನೇಲಿ ಒಂದು ಪದ್ಧತಿ ಇದೆ. ಗಿರಾಕಿಗಾದ್ರೆ ಹೊಸ ಶೂ ಹಾಗೇ ಕೊಟ್ಬಿಡ್ತೀವಿ. ತೀರಾ ಬೇಕಾದವ್ರಿಗೆ ಮಾತ್ರ, ಅದೇ ಅಳತೆಯ ಕಾಲಿರೋ ಮನೆಯವರು ಮೊದ್ಲು ನಡೆದು ತೊಗಲು ಮೆತ್ತಗೆ ಮಾಡ್ಬೇಕು. ಬೇಕಾದವ್ರಿಗೆ ಶೂ ಕಚ್ಚಬಾರ್ದು ನೋಡು. ಅವನು ನಿನ್ನ ಪಾದದ ಗುರುತಿನ ಕಾಗದ ತಂದ. ಅಳತೆ ನೋಡಿದ್ರೆ ನಂದೇ! 'ಅಕ್ಕಾ, ನಡಿ' ಅಂತ ದಿನಾ ಬೆಳಗ್ಗೆ ಎಬ್ಬಿಸಿ ಜೀವ ತಿಂದ. ಈಗ ನೋಡಿದ್ರೆ ಅದನ್ನ ಅಟ್ಟದ ಮೇಲಿಟ್ಟು, ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾನೆ!"

ಅವಳ ಕಣ್ಣು ತುಂಬಿತು. ಜಗತ್ತಿನವರ ಶೂ ಸೋಲ್‌ಗಳನ್ನೆಲ್ಲ ಓದುತ್ತೇನೆ ಎಂಬ ಜಂಬವಿತ್ತಲ್ಲ, ಓದಿದ್ದೂ ಸರಿಯಾಗಿಯೇ. ಅರ್ಥ ಮಾಡಿಕೊಂಡದ್ದು ಮಾತ್ರ ತಲೆಕೆಳಗು.

"ಅಳ್ಬೇಡ. ಹೋಗಿ ಮಾತಾಡು," ಎಂದರು ಅಕ್ಕ. "ಹೋಗೋ ಮುಂಚೆ ಈ ಹಿಮ್ಮಡಿ ಒಂಚೂರು ನೋಡಮ್ಮ, ನಿಜವಾಗ್ಲೂ ನೋಯ್ತಾ ಇದೆ!"

ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ದಪ್ಪ ಸೋಲಿಗೆ ಅಂಟು ಹಚ್ಚುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಾನು ಸುಳ್ಳು ಹೇಳ್ದೆ," ಎಂದಳು ಒಂದೇ ಉಸಿರಿಗೆ. "ನಿಜವಾದ ತೀರ್ಪು ಇದು. ಆ ಶೂ ಎಲ್ಲರಿಗೂ ಬೇಡ. ಆತುರದವರಿಗೆ ಬೇಡ, ಪಾದ ಜೋಮು ಹಿಡಿದಿರೋರಿಗೆ ಬೇಡ. ಆದ್ರೆ ನಿಧಾನವಾಗಿ ರೂಢಿ ಮಾಡ್ಕೊಳ್ಳೋ ತಾಳ್ಮೆ ಇರೋರಿಗೆ... ಬೇಕು. ನಿಮ್ಮ ಪಾದಾನೇ ಸಾಕ್ಷಿ."

"ಮತ್ತೆ ಅವತ್ತು ಯಾಕೆ ಹಾಗಂದ್ರಿ?"

"ಆ ಶೂ ಬೇರೆ ಯಾರದೋ ಅಂದ್ಕೊಂಡೆ. ಹೊಟ್ಟೆಕಿಚ್ಚಾಯ್ತು. ನಿಮ್ಮನ್ನ ಅಷ್ಟು ಇಷ್ಟಪಟ್ಟಿದ್ದೆ... ಇಷ್ಟಪಟ್ಟಿದ್ದೀನಿ."

ಅವನು ಏಣಿ ಹಾಕಿ ಅಟ್ಟದಿಂದ ಆ ಜೊತೆಯನ್ನು ಇಳಿಸಿ, ಬಟ್ಟೆಯಲ್ಲಿ ಒರೆಸಿ, ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕುಳಿತ. ಅವಳು ಪಾದ ಒಳಗಿಟ್ಟಳು. ಎಲ್ಲೂ ಕಚ್ಚಲಿಲ್ಲ. ಎಷ್ಟೋ ವರ್ಷಗಳ ನಂತರ ಅವಳ ಕಿರುಬೆರಳಿಗೆ ಜಾಗ ಸಿಕ್ಕಿತು.

"ನೋಯುತ್ತಾ?"

"ಇಲ್ಲ."

"ಮೇಡಂ, ನಾನೂ ನಿಮ್ಮನ್ನ ತುಂಬಾ ಇಷ್ಟಪಡ್ತೀನಿ. ಅವತ್ತೇ ಹೇಳ್ಬಿಡೋಣ ಅನ್ಸಿತ್ತು. ಆತುರ ಮಾಡಿ ಒಂದ್ಸಲ ಪೆಟ್ಟು ತಿಂದಿದ್ನಲ್ಲ, ಅದಕ್ಕೇ ಕಾದೆ." ಅವನು ತಲೆಯೆತ್ತಿದ. "ಈಗ ಹೇಳಿ. ನನ್ನ ಜೊತೆ ಎಷ್ಟು ದೂರ ನಡೀತೀರಾ?"

ಅವಳು ಅಳುತ್ತಲೇ ನಕ್ಕಳು.

"ಮೊದಲ ದಿನ ಹತ್ತೇ ನಿಮಿಷ."

"ಆಮೇಲೆ?"

"ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ... ನಿಲ್ಲಿಸೋದು ಬೇಡ."