ಉದಗೀರಿಗೆ ಹೋದ ಕೇಶರಬಾಯಿ

ಬೀದರ ದವಾಖಾನೆಯಲ್ಲಿ ಪಟ್ಟಿ ಕಟ್ಟುವ ಖೋಲಿಯ ಮುಂದೆ ಕೂಡಲು ಎರಡು ಮರದ ಬಾಕುಗಳಿದ್ದವು, ಗಂಡಸರಿಗೊಂದು, ಹೆಂಗಸರಿಗೊಂದು. ಆ ದಿನ ಹೆಂಗಸರ ಬಾಕಿನ ಮೇಲೆ ಬಿಳಿ ಮೀಸೆಯ ಎತ್ತರದ ಆಳೊಬ್ಬ ಕಾಲು ನೀಡಿಕೊಂಡು ಕುಳಿತಿದ್ದ. ಬಸುರಿಯೊಬ್ಬಳು ಅವನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಅದನ್ನು ಕಂಡು ನರ್ಸ್ ಕೇಶರಬಾಯಿಗೆ ಸಿಟ್ಟು ಬಂತು.

"ಏಳ್ರಿ. ಇದು ಹೆಣ್ಮಕ್ಕಳ ಜಾಗಾ ಅದ."

ಅವನು ತಟ್ಟನೆ ಎದ್ದು ನಿಂತ. ಎಷ್ಟು ನೆಟ್ಟಗೆ ನಿಂತನೆಂದರೆ ಸರದಿಯಲ್ಲಿದ್ದವರಿಗೆಲ್ಲ ನಗು ಬಂತು. ಆದರೆ ಎದ್ದ ರಭಸಕ್ಕೆ ತೊಡೆಯ ಗಾಯದಿಂದ ರಕ್ತ ಜಿನುಗಿ ಪ್ಯಾಂಟು ತೊಯ್ದಿತ್ತು. ಕೇಶರಬಾಯಿಗೆ ಕೆಡುಕೆನಿಸಿ, ಸರದಿ ಬಿಡಿಸಿ ಒಳಗೆ ಕರೆದಳು.

ಗಾಯ ತೊಳೆಯುತ್ತ ಕೇಳಿದಳು. ಕಾಶ್ಮೀರದಲ್ಲಿ ಸಿಡಿದ ಗುಂಡಿನ ಚೂರು ಒಳಗೇ ಉಳಿದಿದೆ, ಬೇಸಿಗೆ ಬಂದರೆ ಬಾಯಿ ತೆರೆಯುತ್ತದೆ ಎಂದ.

"ಫೌಜಿನ್ಯಾಗ ಏನಾಗಿದ್ರಿ, ಹವಾಲ್ದಾರ?"

ಅವನು ಅವಳ ಮುಖವನ್ನೊಮ್ಮೆ ನೋಡಿದ. ಕಣ್ಣಿನ ಅಂಚಿನಲ್ಲಿ ಸಣ್ಣ ನಗೆ ಬಂದು ಹೋಯಿತು. "ಹೌದ್ರಿ" ಅಂದ.

ಅಂದಿನಿಂದ ಅವಳಿಗೆ ಅವರು ಹವಾಲ್ದಾರ ಸಾಹೇಬರಾದರು. ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಿಕೊಳ್ಳಲು ಬರುತ್ತಿದ್ದರು. ಮೊದಮೊದಲು ಸೂರಿನ ಕಡೆ ಕಣ್ಣು ನೆಟ್ಟು ಮಲಗಿರುತ್ತಿದ್ದರು. ಒಂದು ದಿನ ಸೂರು ಬಿಟ್ಟು ಅವಳನ್ನೇ ನೋಡಿದರು.

"ಮ್ಯಾಲೆ ನೋಡ್ರಿ" ಅಂದಳು, ತಲೆ ಎತ್ತದೆ.

"ಮ್ಯಾಲೆ ಏನೂ ಇಲ್ರಿ."

ಅವಳ ಕೈಯಲ್ಲಿದ್ದ ಪಟ್ಟಿಯ ಸುರುಳಿ ಜಾರಿ ನೆಲದ ಮೇಲೆ ಬಾಗಿಲತನಕ ಬಿಚ್ಚಿಕೊಂಡು ಹೋಯಿತು. ಮೂವತ್ತೆಂಟು ದಾಟಿದ ಹೆಂಗಸಿಗೆ ಹೀಗಾಗಬಾರದೆಂದು ಬೈದುಕೊಳ್ಳುತ್ತ ಅದನ್ನು ಸುತ್ತಿಕೊಂಡು ಬಂದಳು.

ನಿಜ ಗೊತ್ತಾದದ್ದು ದೊಡ್ಡ ಡಾಕ್ಟರಿಂದ. ಅವರು ಖೋಲಿಗೆ ಬಂದವರೇ ಗಾಬರಿಯಾಗಿ ಕೈ ಮುಗಿದು, ಜನರಲ್ ಸಾಹೇಬರನ್ನು ಸರದಿಯಲ್ಲಿ ಕೂಡಿಸಿದ್ದಕ್ಕೆ ಎಲ್ಲರನ್ನೂ ಗದರಿದರು. ಮೇಜರ್ ಜನರಲ್ ಭಾಲಚಂದ್ರರಾವ್, ಹಲಬರ್ಗಾದ ದೇಶಮುಖರ ಮನೆಯವರು, ಆ ವರ್ಷವೇ ನಿವೃತ್ತರಾಗಿ ಬೀದರಿಗೆ ಬಂದವರು. ಮುಂದಿನ ಸಲ ಕೇಶರಬಾಯಿ ಪಟ್ಟಿಯನ್ನು ಬಿಗಿದು ಕಟ್ಟಿದಳು.

"ನೋವಾಗ್ಲಿಕ್ಹತ್ತದ್ರಿ" ಅಂದರು ಅವರು.

"ಜನರಲ್ ಸಾಹೇಬ್ರಿಗೂ ನೋವಾಗ್ತದೇನ್ರಿ?"

"ಹವಾಲ್ದಾರನಿಗೆ ಆಗ್ತದ."

ತುಟಿ ಬಿಗಿ ಹಿಡಿದರೂ ಅವಳಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಅವರು ತಮ್ಮ ಜೀವನವನ್ನು ಸ್ವಲ್ಪ ಸ್ವಲ್ಪವೇ ಹೇಳಿದರು. ಹಸುಗೂಸಾಗಿದ್ದಾಗಲೇ ತಾಯಿ ತೀರಿಹೋದಳು. ಹದಿನೈದಕ್ಕೇ ವಿಧವೆಯಾಗಿ ತವರಿಗೆ ಬಂದಿದ್ದ ಅಕ್ಕ ಅವರನ್ನು ಸಾಕಿದಳು. ಫೌಜಿನ ಅಧಿಕಾರಿಯಾಗಲು ವಿಲಾಯತಿಗೆ ಹೋಗಿ ಕಲಿತು ಬಂದರು. ಮೊದಲ ಪಲ್ಟನ್ನಿನಲ್ಲಿ, ಊಟದ ಮೇಜಿನಲ್ಲಿ ಅವರ ಎರಡೂ ಪಕ್ಕದ ಕುರ್ಚಿಗಳನ್ನು ಬಿಳಿಯ ಅಧಿಕಾರಿಗಳು ಖಾಲಿ ಬಿಟ್ಟು ಕೂಡುತ್ತಿದ್ದರಂತೆ. ಬರ್ಮಾದಲ್ಲಿ ಗಾಯಗೊಂಡ ಸಿಪಾಯಿಗಳನ್ನು ಹೊಳೆ ದಾಟಿಸಿದ್ದು, ಕಾಶ್ಮೀರದ ಹಿಮದಲ್ಲಿ ಒಂದು ದಿಬ್ಬವನ್ನು ವಾರಗಟ್ಟಲೆ ಬಿಡದೆ ಹಿಡಿದದ್ದು, ಬೆಳಗಾವಿಯಲ್ಲಿ ಹೆಂಡತಿ ಚೊಚ್ಚಲ ಹೆರಿಗೆಯಲ್ಲೇ ಕೂಸಿನೊಂದಿಗೆ ಕಣ್ಣು ಮುಚ್ಚಿದ್ದು, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದರು. ಅವಳು ಕೇಳುತ್ತ ಕೇಳುತ್ತ ಕೈ ನಿಲ್ಲಿಸಿಬಿಡುತ್ತಿದ್ದಳು.

ಅವಳದು ಸಣ್ಣ ಕಥೆ. ಭಾಲ್ಕಿ ತಾಲೂಕಿನ ಸಾಯಗಾಂವದ ಹೊರಕೇರಿಯಲ್ಲಿ, ಊರವರು ಮುಟ್ಟದ ಮನೆಯಲ್ಲಿ, ಹುಟ್ಟಿದವಳು. ಮದುವೆಯಾದ ವರ್ಷವೇ ಗಂಡ ಮಚ್ಛೇಂದ್ರ ಕಾಲರಾದಲ್ಲಿ ಹೋದ. ಅಣ್ಣ ಪಂಢರಿ ಊರವರ ಮಾತಿಗೆ ಕಿವಿಗೊಡದೆ ಅವಳನ್ನು ಹೈದರಾಬಾದಿಗೆ ಕರೆದೊಯ್ದು ನರ್ಸ್ ಕಲಿಕೆಗೆ ಸೇರಿಸಿದ. ಹೊರಕೇರಿ ಅಂದಾಗ ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ಅದರಲ್ಲಿ ಏನೂ ಬದಲಾಗಲಿಲ್ಲ. ಅವಳ ಮನಸ್ಸು ಅಲ್ಲಿಯೇ ಸೋತಿತು.

ಮಳೆಗಾಲದ ಹೊತ್ತಿಗೆ ಗಾಯ ಮಾಯಿತು. ಆದರೂ ಅವರು ಬರುತ್ತಿದ್ದರು, ಮಾಯ್ದ ಗಾಯಕ್ಕೆ ಅವಳು ಪಟ್ಟಿ ಕಟ್ಟುತ್ತಿದ್ದಳು.

ಶ್ರಾವಣದಲ್ಲಿ ಹಳ್ಳಿಗಳಲ್ಲಿ ಕಾಲರಾ ಕಾಣಿಸಿತು. ಸೂಜಿ ಹಾಕಲು ಹೋಗಬೇಕಾಗಿದ್ದ ದವಾಖಾನೆಯ ಗಾಡಿ ಕೆಟ್ಟು ನಿಂತಿತ್ತು. ಜನರಲ್ ಸಾಹೇಬರು ತಮ್ಮ ಜೀಪನ್ನು ಕೊಟ್ಟು, ಜೊತೆಗೆ ತಾವೂ ಬಂದರು. ಡ್ರೈವರ್ ಬಾಬುಮಿಯಾ ಮುಂದೆ, ಅವಳು ಔಷಧದ ಪೆಟ್ಟಿಗೆಯೊಂದಿಗೆ ಹಿಂದೆ. ಔರಾದ ಕಡೆಯ ಹಳ್ಳಿಗಳನ್ನು ಮುಗಿಸಿದ ದಿನ ಜನರಲ್ ಸಾಹೇಬರು ಬೇವಿನ ಗಿಡದ ಕೆಳಗೆ ಕುಳಿತು, ಅವಳ ಗಂಟಿನಿಂದ ರೊಟ್ಟಿ ಕೇಳಿ ತೆಗೆದುಕೊಂಡು ತಿಂದರು. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ ಖಾರವಾಗಿ ಅವರ ಕಣ್ಣಲ್ಲಿ ನೀರು ಬಂತು. ಬಾಬುಮಿಯಾ ಆಚೆ ಮುಖ ಮಾಡಿ ನಕ್ಕ. ಕೇಶರಬಾಯಿಯ ಪಾಲಿಗೆ ಅಷ್ಟು ಹಗುರಾದ ದಿನ ಮತ್ತೆ ಬರಲಿಲ್ಲ.

ಎರಡು ದಿನ ಬಿಟ್ಟು ಹಲಬರ್ಗಾಕ್ಕೆ ಹೋದರು. ದೇಶಮುಖರ ವಾಡೆಯ ಮುಂದೆ ಊರವರೆಲ್ಲ ಸೂಜಿಗೆ ಸೇರಿದ್ದರು. ಕೆಲಸ ಮುಗಿಯುವಾಗ ಬಿಸಿಲು ಏರಿತ್ತು. ಅಕ್ಕ ಹೊರಗೆ ಬಂದರು. ಮೆತ್ತಗಿನ ಮಾತಿನ ಮುದುಕಿ. ಬಾ ತಾಯಿ, ದಣಿದೀದಿ ಅಂದರು. ಯಾವ ಊರು ಅಂದರು. ಸಾಯಗಾಂವದಲ್ಲಿ ಯಾವ ಓಣಿ ಅಂದರು. ಕೇಶರಬಾಯಿ ಹೇಳಿದಳು. ಅಕ್ಕನ ಮುಖದ ನಗು ಹಾಗೆಯೇ ಇತ್ತು. ಆಳಿನ ಕೈಲಿ ನೀರು ತರಿಸಿ, ಅವಳನ್ನು ಕಟ್ಟೆಯ ಕೆಳಗೆ ನಿಲ್ಲಿಸಿ, ಬೊಗಸೆಗೆ ಮೇಲಿನಿಂದ ಹೊಯ್ಯಿಸಿದರು.

ಕಟ್ಟೆಯ ಮೇಲೆ, ಕಂಬದ ಪಕ್ಕದಲ್ಲಿ, ಜನರಲ್ ಸಾಹೇಬರು ನಿಂತಿದ್ದರು. ಬೊಗಸೆಯಿಂದ ತಲೆ ಎತ್ತಿ ಅವಳು ಅವರನ್ನು ನೋಡಿದಳು. ಅವರು ಕಣ್ಣು ಕೆಳಗೆ ಹಾಕಿದರು.

ತಿರುಗಿ ಬರುವಾಗ, ಬೀದರ ಕೋಟೆ ಕಂಡ ಮೇಲೆ, ಜನರಲ್ ಸಾಹೇಬರು ಅವಳ ಕಡೆ ತಿರುಗಿದರು.

"ನನಗ ಆ ಹೊತ್ತಿಗೆ ಬಾಯಿ ಬರಲಿಲ್ಲ, ಕೇಶರ" ಅಂದರು ಕೊನೆಗೆ. ಅವಳ ಹೆಸರನ್ನಷ್ಟೇ ಕರೆದದ್ದು ಅದೇ ಮೊದಲು.

"ನಿಮ್ಮ ಬಾಜೂಕ ಯಾರೂ ಕೂಡ್ತಿದ್ದಿಲ್ಲ ಅಂತ ಹೇಳಿದ್ರಲ್ರಿ. ನಿಮಗ ಗೊತ್ತದ ಅನ್ಕೊಂಡಿದ್ದೆ."

ಆ ವಾರವೇ ಅವಳು ವರ್ಗಾವಣೆ ಕೇಳಿದಳು. ನವೆಂಬರ್ ಒಂದಕ್ಕೆ ಭಾಷೆಯ ಪ್ರಕಾರ ರಾಜ್ಯಗಳು ಬೇರೆಯಾಗಿ ಜಿಲ್ಲೆ ಒಡೆಯುವುದು ನಿಶ್ಚಯವಾಗಿತ್ತು. ಬೀದರ, ಭಾಲ್ಕಿ, ಔರಾದ ಮೈಸೂರಿಗೆ, ಉದಗೀರ ಮುಂಬಯಿಗೆ. ನೌಕರರಿಗೆ ಯಾವ ಕಡೆ ಎಂದು ಕೇಳುತ್ತಿದ್ದರು. ಅವಳು ಉದಗೀರ ಅಂದಳು.

ದಸರೆಗೆ ಅಣ್ಣ ಪಂಢರಿಯೊಡನೆ ನಾಗಪುರಕ್ಕೆ ಹೋದಳು. ಕಣ್ಣು ಹಾಯುವತನಕ ಬಿಳಿ ಬಟ್ಟೆಯ ಜನ. ಅವರ ನಡುವೆ ನಿಂತು ಬೌದ್ಧ ದೀಕ್ಷೆಯ ಮಾತುಗಳನ್ನು ಹೇಳಿದಳು. ಪಂಢರಿ ಅತ್ತ. ಅವಳು ಅಳಲಿಲ್ಲ. ತನ್ನ ಬೆನ್ನು ಇಷ್ಟು ದಿನ ಬಾಗಿತ್ತೆಂದು ಅವಳಿಗೆ ಗೊತ್ತಾದದ್ದೇ ಅಲ್ಲಿ, ನೆಟ್ಟಗೆ ನಿಂತಾಗ.

ಅವಳು ಮರಳಿ ಬಂದ ಸುದ್ದಿ ಕೇಳಿ ಜನರಲ್ ಸಾಹೇಬರು ದವಾಖಾನೆಗೆ ಬಂದರು. ಹಿಂದಿನ ಅಂಗಳದಲ್ಲಿ, ಹರವಿದ ಚಾದರಗಳ ನಡುವೆ, ಅವಳನ್ನು ಮದುವೆಯಾಗುತ್ತೇನೆಂದು ಹೇಳಿದರು. ಪುಣೆಯ ಛಾವಣಿಯಲ್ಲಿ, ಫೌಜಿನವರ ನಡುವೆ, ಮನೆ ನೋಡಿದ್ದೇನೆ, ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅಂದರು. ಆ ಕೊನೆಯ ಮಾತಿನತನಕ ಅವಳ ಎದೆ ಹಾರುತ್ತಲೇ ಇತ್ತು.

"ಏನು ಗೊತ್ತಾಗೂದಿಲ್ರಿ?" ಅಂದಳು.

ಅವರು ಚಾದರವೊಂದರ ಅಂಚನ್ನು ಎಳೆದು ಸರಿಮಾಡತೊಡಗಿದರು.

"ನಾ ಮುಚ್ಚಿಕೊಂಡು ಬದುಕೂದು ಬಿಟ್ಟು ಬಂದೀನ್ರಿ, ಮೊನ್ನಿ ಮೊನ್ನಿ. ಹಗಲೊತ್ತಿನ್ಯಾಗ ನಮ್ಮ ಕೇರಿಗೆ ಬರ್ರಿ, ನಮ್ಮ ಅಣ್ಣನ ಕೇಳ್ರಿ. ಅಕ್ಕನವರ ಮುಂದ ನಾ ನಿಮಗ ಯಾರು ಅಂತ ಹೇಳ್ರಿ. ಆಮ್ಯಾಲ ನೀವು ಅಂದಲ್ಲಿಗೆ ಬರ್ತೇನಿ."

ಹೇಳುತ್ತೇನೆ ಎಂದು ಮಾತು ಕೊಟ್ಟರು. ಅಂದೇ ಹಲಬರ್ಗಾಕ್ಕೆ ಹೋದರು. ಕೇಶರಬಾಯಿ ಕಾದಳು. ಉದಗೀರದ ವರ್ಗಾವಣೆಯನ್ನು ರದ್ದು ಮಾಡಲು ಬರುತ್ತದೆಯೇ ಎಂದು ನಾಚಿಕೆ ಬಿಟ್ಟು ದೊಡ್ಡ ಡಾಕ್ಟರನ್ನು ಕೇಳಿಯೂ ಕೇಳಿದಳು. ಹಲಬರ್ಗಾದಿಂದ ಸುದ್ದಿ ಬರಲಿಲ್ಲ.

ನವೆಂಬರ್ ಒಂದರಂದು ಬೀದರ ತುಂಬ ತೋರಣ. ಹೊಸ ರಾಜ್ಯಕ್ಕೆ ಜೈಕಾರ ಕೇಳುತ್ತಿತ್ತು. ಕೇಶರಬಾಯಿ ಟ್ರಂಕಿನೊಂದಿಗೆ ಸ್ಟೇಷನ್ನಿಗೆ ಬಂದಾಗ ಪ್ಲಾಟ್‌ಫಾರ್ಮ್ ಹೆಚ್ಚುಕಡಿಮೆ ಖಾಲಿಯಿತ್ತು. ಗಾಡಿ ಬಿಡುವ ಹೊತ್ತಿಗೆ ಜನರಲ್ ಸಾಹೇಬರು ಬಂದರು. ಸಮಾರಂಭದ ವೇದಿಕೆಯಿಂದ ಎದ್ದು ಬಂದಿದ್ದರು. ಎದೆಯ ಮೇಲೆ ಪದಕಗಳಿದ್ದವು. ಮುಖ ಬತ್ತಿಹೋಗಿತ್ತು.

ಅಕ್ಕನಿಗೆ ಹೇಳಿದ್ದರಂತೆ. ಅಕ್ಕ ಬೈಯಲಿಲ್ಲ, ಅಳಲಿಲ್ಲ. ಎದ್ದು ಹೋಗಿ ದೇವರ ಖೋಲಿಯಲ್ಲಿ ಕುಳಿತು ಅನ್ನ ನೀರು ಬಿಟ್ಟರು. ನಾಲ್ಕನೆಯ ದಿನ ಅವರಿಗೆ ಮಾತೂ ನಿಂತಿತು. ಆಗ ಜನರಲ್ ಸಾಹೇಬರು ಅಕ್ಕನ ತಲೆಯ ಮೇಲೆ ಕೈಯಿಟ್ಟು, ನೀ ಇರುವತನಕ ಈ ಮಾತು ಎತ್ತುವುದಿಲ್ಲ ಅಂದರು. ಅಕ್ಕ ಹಾಲು ಕುಡಿದರು.

ಇದನ್ನೆಲ್ಲ ಅವರು ಕಿಟಕಿಯ ಸರಳು ಹಿಡಿದು ಹೇಳಿದರು. ಕೇಶರಬಾಯಿ ಪೂರ್ತಿ ಕೇಳಿದಳು.

"ನಿಮ್ಮ ಮ್ಯಾಲ ಸಿಟ್ಟು ಬಂದ್ರ ಚಲೋ ಆಗ್ತಿತ್ತ್ರಿ" ಅಂದಳು. "ಬರ್ಲಿಕ್ಹತ್ತಿಲ್ಲ."

ಸರಳಿನ ಮೇಲಿದ್ದ ಅವರ ಬೆರಳುಗಳನ್ನು ಒಂದು ಗಳಿಗೆ ಮುಟ್ಟಿದಳು. ಗಾಡಿ ಹೊರಟಿತು. ಅದು ಹಲಬರ್ಗಾದಲ್ಲಿ ನಿಂತಾಗ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಭಾಲ್ಕಿ ಬರುವಷ್ಟರಲ್ಲಿ ಕಣ್ಣೊರೆಸಿಕೊಂಡಳು. ಅಲ್ಲಿ ಪಂಢರಿ ಬುತ್ತಿ ಹಿಡಿದು ಕಾದಿದ್ದ.

ಉದಗೀರದಲ್ಲಿ ಕೆಲಸ ಬಹಳವಿತ್ತು. ಹೆರಿಗೆಯ ವಾರ್ಡು ಅವಳ ಕೈಗೆ ಬಂತು. ಊರವರು ಅವಳನ್ನು ಮರ್ಯಾದೆಯಿಂದ ಬಾಯಿ ಎಂದು ಕರೆದು ಮನೆಯೊಳಗೆ ಕೂಡಿಸುತ್ತಿದ್ದರು. ಕೆಲವರು ಕೂಡಿಸುತ್ತಿರಲಿಲ್ಲ, ಆ ಮನೆಗಳಲ್ಲಿ ಅವಳು ಕೆಲಸ ಮುಗಿಸಿ ನೀರು ಕೇಳದೆ ಬರುತ್ತಿದ್ದಳು.

ಮೂರು ವರ್ಷವಾದ ಮೇಲೆ ಒಂದು ಮಧ್ಯಾಹ್ನ ದವಾಖಾನೆಯ ವರಾಂಡದಲ್ಲಿ ಜನರಲ್ ಸಾಹೇಬರು ನಿಂತಿದ್ದರು. ಕೈಯಲ್ಲಿ ಕೋಲಿತ್ತು, ಮೀಸೆ ತೆಗೆಸಿದ್ದರು. ಬಾಣಂತಿಯರು, ಅವರ ತಾಯಂದಿರು, ಕಂಪೌಂಡರ್, ಎಲ್ಲರ ಮುಂದೆಯೇ ಗಟ್ಟಿ ದನಿಯಲ್ಲಿ ಹೇಳಿದರು.

"ಅಕ್ಕ ತೀರಿಕೊಂಡ್ಲು. ಸಾಯಗಾಂವಕ್ಕೆ ಹೋಗಿ ಪಂಢರಿ ಅವರನ್ನ ಕೇಳಿ ಬಂದೀನಿ. ನಿನ್ನ ಮಾತು ನಿನಗೇ ಬಿಟ್ಟದ್ದು ಅಂದ್ರು."

ಈ ಮಾತಿಗಾಗಿ ಅವಳು ಎಷ್ಟು ಕಾದಿದ್ದಳೋ. ಈಗ ಅದು ಎದುರಿಗೆ ಬಂದಿತ್ತು. ಅವಳಿಗೆ ಸಂತೋಷವಾಗಬೇಕಿತ್ತು.

"ಅಕ್ಕನವರು ಇದ್ದಾಗ ಬಂದಿದ್ರ, ಉಟ್ಟ ಸೀರಿಮ್ಯಾಲೆ ಹೊಂಟು ಬರ್ತಿದ್ದೆ" ಅಂದಳು ಮೆಲ್ಲಗೆ. "ಈಗ ನೀವು ಯಾರನ್ನ ಎದುರು ಹಾಕ್ಕೊಂಡು ಬಂದೀರಿ? ಯಾರೂ ಇಲ್ಲ."

ಅವರು ಹೌದೆಂದು ತಲೆಯಾಡಿಸಿದರು.

ಊಟವಾಯಿತೇ ಎಂದು ಕೇಳಿದಳು. ಇಲ್ಲ ಅಂದರು. ಕ್ವಾರ್ಟರ್ಸಿಗೆ ಕರೆದೊಯ್ದು ಬಿಸಿ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ ಬಡಿಸಿದಳು. ಮಾತಾಡಲು ಬಹಳವಿತ್ತು, ಇಬ್ಬರೂ ಮಳೆಬೆಳೆಯ ಮಾತಾಡಿದರು. ಬಾಗಿಲಲ್ಲಿ ಜೋಡು ಮೆಟ್ಟುತ್ತ ಅವರು, ಇನ್ನೊಮ್ಮೆ ಬರಲೇ ಎಂದು ಕೇಳಿದರು.

"ಬರಬ್ಯಾಡ್ರಿ" ಅಂದಳು. "ಇನ್ನೊಮ್ಮೆ ಬಂದ್ರ ನನಗ ಒಲ್ಲೆ ಅನ್ನಲಿಕ್ಕೆ ಆಗೂದಿಲ್ಲ."

ಅವರು ಅವಳ ಮುಖ ನೋಡಿದರು. ಆಗಲಿ ಎಂಬಂತೆ ತಲೆ ಬಾಗಿಸಿ, ಕೋಲೂರುತ್ತ ಸ್ಟೇಷನ್ನಿನ ಕಡೆ ನಡೆದರು.

ಬೀದರ ಕಡೆಯ ಗಾಡಿ ಉದಗೀರಿಗೆ ಮಧ್ಯಾಹ್ನ ಬರುತ್ತಿತ್ತು. ಆ ಚಳಿಗಾಲವೆಲ್ಲ, ಗಾಡಿಯ ಸೀಟಿ ಕೇಳಿದರೆ ಕೇಶರಬಾಯಿ ಕೈ ತೊಳೆದುಕೊಂಡು ವರಾಂಡಕ್ಕೆ ಬಂದು ನಿಲ್ಲುತ್ತಿದ್ದಳು. ಸ್ಟೇಷನ್ನಿನಿಂದ ಬರುವ ಟಾಂಗಾಗಳು ಒಂದೊಂದಾಗಿ ಗೇಟು ದಾಟಿ ಪೇಟೆಯ ಕಡೆ ಹೋಗುತ್ತಿದ್ದವು. ಬರಬೇಡಿ ಅಂದದ್ದನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ಆ ಮಾತಿನ ಬೆನ್ನಿಗೇ, ಬಂದರೆ ಒಲ್ಲೆ ಅನ್ನಲಾಗುವುದಿಲ್ಲ ಎಂದು ಅವಳು ಹೇಳಿದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ, ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ.